ಸೀಲ್ ಒಡೀಬೇಕಾ ಹಾಗೇ ಇಡ್ಬೇಕಾ: ಒಂದೇ ಥರದ ಎರಡು ಬೋರ್ಡ್ ಇಟ್ಕೊಂಡು ನೋಡಿದ್ದು

ಹಳೇ ಕಂಪ್ಯೂಟರ್ ಸಾಮಾನು ಸೀಲ್ಡ್ ಬಾಕ್ಸಲ್ಲಿ ಸಿಕ್ಕಿದಾಗ ಬ್ಲೇಡ್ ಹಿಡ್ಕೊಂಡ ಕೈ ನಿಜವಾಗ್ಲೂ ನಡುಗುತ್ತೆ. ಮೂವತ್ತು ವರ್ಷ ಯಾರೂ ಮುಟ್ಟಿಲ್ಲ, ಸುತ್ತಿದ ಪ್ಲಾಸ್ಟಿಕ್ ಸುತ್ತಿದ ಹಾಗೇ ಇದೆ, ಒಂದ್ಸಲ ಕುಯ್ದರೆ ಆಯ್ತು, ಅದು ಮತ್ತೆ ಬರಲ್ಲ. ಒಡೀಬೇಡಿ ಅಂತ ಕಲೆಕ್ಟರ್‌ಗಳು ಹೇಳ್ತಾರೆ, ಒಡೆದು ಉಪಯೋಗಿಸಿ ಅಂತ ಮಿಷಿನ್ ಓಡಿಸೋರು ಹೇಳ್ತಾರೆ, ನಾನು ಎರಡೂ ಮಾಡಿ ನೋಡಿದೀನಿ, ಅದೂ ಒಂದೇ ಮಾಡೆಲ್ಲಿನ ಜೋಡಿ ಸಾಮಾನಿನ ಮೇಲೆ, ಹಾಗಾಗಿ ಏನಾಯ್ತು ಅಂತ ಬರೀತಿದೀನಿ.

ನನ್ನತ್ರ ಇದ್ದಿದ್ದು ಎರಡು 486 (ಇಂಟೆಲ್ 486 ಥರದ ಪ್ರೊಸೆಸರ್ ಕೂರೋ) ಮದರ್‌ಬೋರ್ಡ್, 1993ರ ಸುಮಾರಿನವು, ಬಾಕ್ಸ್ ಮೇಲಿನ ಸೀರಿಯಲ್ ನಂಬರ್ ನೋಡಿದ್ರೆ ಒಂದರ ಹಿಂದೆ ಒಂದು ತಯಾರಾಗಿರೋವು. ಎರಡೂ ಸೀಲ್ ಆಗಿದ್ದವು, ಎರಡನ್ನೂ ಒಂದೇ ಕಪಾಟಿನ ಒಂದೇ ಹಲಗೆ ಮೇಲೆ ಇಟ್ಟಿದ್ದೆ. 2018ರಲ್ಲಿ ಒಂದನ್ನ ಒಡೆದೆ. ಇನ್ನೊಂದನ್ನ ಒಡೆಯಕ್ಕೆ ಮನಸ್ಸು ಬರ್ಲಿಲ್ಲ, ಅಷ್ಟು ಚೆನ್ನಾಗಿತ್ತು ಬಾಕ್ಸು, ಮೂಲೆಗಳು ಕೂಡ ಮಡಚಿರ್ಲಿಲ್ಲ.

ಒಡೆದ ಬೋರ್ಡ್ ಬಗ್ಗೆ ಮೊದ್ಲು ಹೇಳ್ತೀನಿ. ಆಂಟಿಸ್ಟಾಟಿಕ್ ಕವರಿಂದ ಹೊರಗೆ ತೆಗೆದಾಗ ಮೇಲ್ನೋಟಕ್ಕೆ ಹೊಸದೇ, ಬೆಸುಗೆ ಎಲ್ಲಾ ಫಳಫಳ ಅಂತಿತ್ತು. ಕೀಬೋರ್ಡ್ ಸಾಕೆಟ್ ಪಕ್ಕ ಪೀಪಾಯಿ ಆಕಾರದ ನೀಲಿ ಬ್ಯಾಟರಿ, ಆ ಕಾಲದ ಬಹಳಷ್ಟು ಬೋರ್ಡ್‌ಗಳಲ್ಲಿ ಇರೋ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ, ಅದರ ಒಂದು ತುದೀಲಿ ಉಪ್ಪು ಉದುರಿದ ಹಾಗೆ ಬಿಳೀ ಪುಡಿ. ಭೂತಗನ್ನಡಿ ಹಿಡಿದು ನೋಡಿದ್ರೆ ಪಕ್ಕದ ಎರಡು ಟ್ರೇಸ್ (ಬೋರ್ಡಿನ ಮೇಲೆ ಕರೆಂಟ್ ಹರಿಯೋ ತಾಮ್ರದ ಗೆರೆ) ಮೇಲಿನ ಹಸಿರು ಲೇಪನ ಸ್ವಲ್ಪ ಕಪ್ಪಾಗಿತ್ತು, ಅಷ್ಟೇ. ಬ್ಯಾಟರಿ ಕತ್ತರಿಸಿ ತೆಗೆದೆ, ಕಿವಿಗೆ ಹಾಕೋ ಹತ್ತಿಕಡ್ಡಿಗೆ ವಿನೆಗರ್ ಅದ್ದಿ ಆ ಪುಡಿ ಮೇಲೆ ಒತ್ತಿದೆ, ಸಣ್ಣ ಸಣ್ಣ ಗುಳ್ಳೆ ಬಂತು, ಗುಳ್ಳೆ ನಿಲ್ಲೋವರೆಗೂ ಮಾಡಿ ಆಮೇಲೆ ನೀರಲ್ಲಿ ಒರೆಸಿ, ಕೊನೇಗೆ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ತೊಳೆದು ಒಣಗಿಸಿದೆ. ಒಟ್ಟು ಒಂದು ಗಂಟೆ ಕೆಲಸ. ಆ ಬೋರ್ಡ್ ಇವತ್ತಿಗೂ ಓಡ್ತಿದೆ, ಡಾಸ್ ಗೇಮ್ ಎಲ್ಲಾ ಅದರಲ್ಲೇ ಆಡೋದು.

ಇನ್ನೊಂದನ್ನ 2023ರಲ್ಲಿ ಒಡೆದೆ. ಐದು ವರ್ಷ ಅದನ್ನ ನೋಡ್ದಾಗಲೆಲ್ಲಾ ಆ ಬಿಳೀ ಪುಡಿನೇ ನೆನಪಾಗ್ತಿತ್ತು, ಆದ್ರೂ ನಾಳೆ ಮಾಡೋಣ ನಾಡಿದ್ದು ಮಾಡೋಣ ಅಂತ ತಳ್ಳಿದ್ದೆ. ಕವರ್ ಒಳಗಿಂದ ಮಂಜು ಹಿಡಿದ ಹಾಗೆ ಮಬ್ಬಾಗಿದ್ದು ನೋಡೇ ಎದೆ ಧಸಕ್ ಅಂತು. ಬ್ಯಾಟರಿ ಸುತ್ತ ನೀಲಿಹಸಿರು ಹಕ್ಕಳೆ ಕಟ್ಟಿತ್ತು, ಕೀಬೋರ್ಡ್ ಕಂಟ್ರೋಲರ್ ಚಿಪ್ಪಿನ ಕಾಲುಗಳು ಪೂರ್ತಿ ಹಸಿರು, ಪಕ್ಕದ ಸ್ಲಾಟಿನ ಒಳಗೂ ಹೋಗಿತ್ತು, ಹಲ್ಲುಕಡ್ಡಿ ತಾಗಿಸಿದ್ರೆ ಟ್ರೇಸ್ ಸಿಪ್ಪೆ ಥರ ಎದ್ದು ಬರ್ತಿತ್ತು. ಮಲ್ಟಿಮೀಟರ್ ಇಟ್ಕೊಂಡು ತುಂಡಾಗಿರೋ ಟ್ರೇಸ್ ಹನ್ನೊಂದು ಹುಡುಕಿ ಕೂದಲೆಳೆಯಂಥ ತಂತೀಲಿ ಜೋಡಿಸ್ದೆ, ಎರಡು ವಾರ ಸಂಜೆಗಳು ಹೋದವು, ಬೋರ್ಡ್ ಕಣ್ಣು ಬಿಡ್ಲೇ ಇಲ್ಲ. ಬಹುಶಃ ಒಳಪದರದಲ್ಲೂ ತುಂಡಾಗಿದೆ, ಅಲ್ಲಿಗೆ ಕೈ ಹೋಗಲ್ಲ. ಒಡೆದ ದಿನ ಬೆಳಗ್ಗೆವರೆಗೂ ಆ ಬಾಕ್ಸಿನ ಸೀಲು ಒಂದು ಕೂದಲಷ್ಟೂ ಹರಿದಿರ್ಲಿಲ್ಲ. ಹೊರಗೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಅದನ್ನ ಕಣ್ಣಾರೆ ನೋಡ್ದೆ.

ಸೀಲ್ ಹಾಗೇ ಇಟ್ರೆ ಸಾಮಾನು ಉಳಿಯುತ್ತೆ ಅಂತ ನಾವು ಅಂದ್ಕೊಂಡಿರೋದು ಬರೀ ರಟ್ಟಿನ ಬಾಕ್ಸಿಗೆ ಅನ್ವಯ ಆಗೋ ಮಾತು ಅಂತ ನಂಗೆ ಅನ್ಸಿದ್ದು ಅವತ್ತು. ಧೂಳು ಬರಲ್ಲ, ಬಿಸಿಲು ತಾಗಲ್ಲ, ಸರಿ, ಆದ್ರೆ ಬ್ಯಾಟರಿ ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಹೊರಗಿನ ಪ್ಲಾಸ್ಟಿಕ್ ಸುತ್ತಿದ್ರೆ ಏನು ಬಿಟ್ರೆ ಏನು, ಅದು ಬ್ಯಾಟರಿ ಮುಚ್ಚಳದ ಅಂಚಿಂದ ನಿಧಾನಕ್ಕೆ ಹೊರಗೆ ತೆವಳ್ತಾ ತಾಮ್ರ ತಿಂತಾ ಹೋಗುತ್ತೆ, ಕವರ್ ಒಳಗೆ ಸಿಕ್ಕಾಕ್ಕೊಂಡ ತೇವ ಅದಕ್ಕೆ ಅನುಕೂಲನೇ.

ಇದು ನನ್ನೊಬ್ಬನ ಕಥೆ ಅಲ್ಲ. ಕಮಡೋರ್ ಕಂಪನಿಯ ಮನೆ ಕಂಪ್ಯೂಟರುಗಳಾದ 1991ರ ಅಮಿಗಾ 500 ಪ್ಲಸ್, ಅಮಿಗಾ 2000, 4000, ಇವಕ್ಕೆಲ್ಲಾ ಇದೇ ಜಾತಿ ಬ್ಯಾಟರಿ ಇದೆ, ಇದೇ ಗತಿ ಆಗಿರೋದು ಅದನ್ನ ರಿಪೇರಿ ಮಾಡೋರಿಗೆಲ್ಲಾ ಗೊತ್ತು. ಮ್ಯಾಕಿಂಟಾಷ್ ಎಸ್ಇ/30, ಕ್ಲಾಸಿಕ್ ಇವುಗಳಲ್ಲಿ ಅರ್ಧ ಪೆನ್‌ಸೆಲ್ ಸೈಜಿನ 3.6 ವೋಲ್ಟ್ ಲಿಥಿಯಂ ಬ್ಯಾಟರಿ ಇರುತ್ತೆ, ಅದು ಸಿಡಿದ್ರೆ ಬೋರ್ಡಷ್ಟೇ ಅಲ್ಲ ಒಳಗಿನ ಲೋಹದ ಚೌಕಟ್ಟಿಗೂ ತುಕ್ಕು ಹಿಡಿಸುತ್ತೆ. ಬ್ಯಾಟರಿ ಇಲ್ದೇ ಇರೋ ಅಮಿಗಾ 600, 1200 ಇವುಗಳಲ್ಲೂ ಬೋರ್ಡಿಗೆ ಅಂಟಿಸಿರೋ ಸಣ್ಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ವಿದ್ಯುತ್ ಸ್ವಲ್ಪ ಹೊತ್ತು ಹಿಡಿದಿಡೋ, ಒಳಗೆ ದ್ರವ ಇರೋ ಡಬ್ಬಿ) ಸೋರುತ್ತವೆ, ಬೆಸುಗೆ ಬಿಸಿ ತಾಗಿದ್ರೆ ಮೀನಿನ ವಾಸನೆ ಬರುತ್ತೆ. ಮಿಷಿನ್ ಸೀಲ್ ಆಗಿದ್ರೂ ಅಷ್ಟೇ, ಉಪಯೋಗಿಸಿದ್ರೂ ಅಷ್ಟೇ, ಅದಕ್ಕೆ ವಯಸ್ಸಾಗುತ್ತೆ.

ಹಾಗಂತ ಎಲ್ಲಾ ಒಡೀರಿ ಅಂತ ನಾನು ಹೇಳ್ತಿಲ್ಲ. ಇದೇ ಪ್ರಯೋಗ ಸೌಂಡ್ ಕಾರ್ಡ್ ಮೇಲೂ ಮಾಡ್ದೆ, ಅಲ್ಲಿ ಫಲಿತಾಂಶ ಬೇರೆ. ಎರಡು ಸೀಲ್ಡ್ ಐಎಸ್ಎ (ಹಳೇ ಪಿಸಿಗಳ ಸ್ಲಾಟಿನ ಜಾತಿ) ಸೌಂಡ್ ಕಾರ್ಡ್, ಬ್ಯಾಟರಿ ಇಲ್ಲ, ಕೆಪಾಸಿಟರ್ ಎಲ್ಲಾ ಕಾಲು ತೂರಿಸಿ ಬೆಸುಗೆ ಹಾಕಿರೋ ಹಳೇ ಥರದ್ದು. ಒಂದನ್ನ ಒಡೆದೆ, ಕೆಪಾಸಿಟರ್‌ಗಳನ್ನ ಇಎಸ್ಆರ್ ಮೀಟರಲ್ಲಿ (ಕೆಪಾಸಿಟರ್ ಕೆಟ್ಟಿದ್ಯಾ ಅಂತ ಅಳೆಯೋ ಮೀಟರ್) ಒಂದೊಂದಾಗಿ ನೋಡ್ದೆ, ಎಲ್ಲಾ ಸರಿ ಇತ್ತು, ಸ್ಲಾಟಿಗೆ ಹಾಕಿದ ಮೊದಲ ಸಲವೇ ಸದ್ದು ಬಂತು. ಅಂದ್ರೆ ಒಡೀದೇ ಇದ್ದಿದ್ರೂ ಇದಕ್ಕೆ ಏನೂ ಆಗ್ತಿರ್ಲಿಲ್ಲ, ಇನ್ನೊಂದನ್ನ ನಾನು ನಿಶ್ಚಿಂತೆಯಿಂದ ಸೀಲಲ್ಲೇ ಬಿಟ್ಟಿದೀನಿ.

ಆದ್ರೆ ಒಡೆದ ಕಾರ್ಡಿಂದ ಸಿಕ್ಕಿದ್ದು ಕಾರ್ಡಿಗಿಂತ ದೊಡ್ಡದು, ಅದರ ಜೊತೆ ಬಂದ ಡ್ರೈವರ್ ಫ್ಲಾಪಿ. ಆ ವರ್ಷನ್ನಿನ ಡ್ರೈವರ್ ಎಷ್ಟು ಹುಡುಕಿದ್ರೂ ನಂಗೆ ಎಲ್ಲೂ ಸಿಕ್ಕಿರ್ಲಿಲ್ಲ. ಗ್ರೀಸ್‌ವೀಜಲ್ ಬೋರ್ಡ್ (ಹಳೇ ಫ್ಲಾಪಿ ಓದಿ ಕಾಪಿ ಮಾಡೋ ಸಾಧನ) ಇಟ್ಕೊಂಡು ಓದಿಸ್ದೆ, ಒಂದು ಬದಿಗೆ 80 ಟ್ರ್ಯಾಕಿನ ಹಾಗೆ ಎರಡು ಬದಿ ಸೇರಿ 160, ಅದರಲ್ಲಿ ಒಂದೇ ಒಂದು ಸೆಕ್ಟರ್ ಮೊದಲ ಸಲ ಬರ್ಲಿಲ್ಲ, ಹೆಡ್ ಒರೆಸಿ ಮತ್ತೆ ಓದಿಸಿದಾಗ ಬಂತು. ಒಳಗೆ ಒಂದು ಟೆಕ್ಸ್ಟ್ ಫೈಲ್ ಇತ್ತು, ಪುಸ್ತಕದಲ್ಲಿ ಪ್ರಿಂಟ್ ಆಗಿರೋ ಜಂಪರ್ (ಪಿನ್ ಮೇಲೆ ಹಾಕೋ ಸಣ್ಣ ಟೋಪಿ) ಸೆಟ್ಟಿಂಗ್ ತಪ್ಪು, ಸರಿಯಾದ್ದು ಇದು ಅಂತ. ಆ ಕಾರ್ಡ್ ಇಟ್ಕೊಂಡಿರೋ ಎಷ್ಟು ಜನ ಆ ತಪ್ಪು ಜಂಪರ್ ಹಾಕ್ಕೊಂಡು ಒದ್ದಾಡಿರ್ತಾರೋ ಏನೋ. ಇಂಥ ಫ್ಲಾಪಿ ಸೀಲ್ ಒಳಗೇ ಬಿಟ್ರೆ ಒಂದಿನ ಅದರ ಮ್ಯಾಗ್ನೆಟಿಕ್ ಲೇಪನಕ್ಕೆ ಬೂಸ್ಟು ಹಿಡಿಯುತ್ತೆ, ಆಮೇಲೆ ಒಡೆದ್ರೂ ಓದಕ್ಕಾಗಲ್ಲ. ಹಾಗಾಗಿ ಯಾವ ಸಾಮಾನಿನ ಸಾಫ್ಟ್‌ವೇರು, ಪುಸ್ತಕ ಎಲ್ಲೂ ಕಾಪಿ ಆಗಿ ಉಳಿದಿಲ್ವೋ ಅದನ್ನ ಒಡೀಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಎಷ್ಟು ಅಪರೂಪದ್ದಾದ್ರೂ.

ಕೀಬೋರ್ಡ್ ವಿಷಯ ಬೇಗ ಮುಗಿಸ್ತೀನಿ. ಪ್ರತಿ ಕೀ ಕೆಳಗೆ ಫೋಮ್ ಮತ್ತು ಫಾಯಿಲ್ ಪ್ಯಾಡ್ ಇರೋ ಜಾತಿಯದ್ದು, 1983ರ ಆಪಲ್ ಲೀಸಾದಲ್ಲಿ ಇದ್ದ ಥರದ್ದು, ಒಂದು ಸೀಲ್ಡ್ ಸಿಕ್ಕಿತ್ತು, ಒಡೆದು ನೋಡಿದ್ರೆ ಹತ್ತು ಕೀ ಕೂಡ ಕೆಲಸ ಮಾಡ್ಲಿಲ್ಲ, ಫೋಮ್ ಎಲ್ಲಾ ಪುಡಿ ಪುಡಿ. ಒಂದೊಂದೇ ಪ್ಯಾಡ್ ಹೊಸದು ಹಾಕಿ ಸರಿಯಾಯ್ತು. ಸೀಲ್ಡ್ ಅಂತ ಅದಕ್ಕೆ ಹೆಚ್ಚು ದುಡ್ಡು ಕೊಡೋ ಅಗತ್ಯನೇ ಇರ್ಲಿಲ್ಲ.

ದುಡ್ಡಿನ ಮಾತಿಗೆ ಬಂದ್ರೆ ಇಡೋರ ಕಡೆ ನ್ಯಾಯ ಇದೆ, ಅದನ್ನ ಒಪ್ಕೋಬೇಕು. 2007ರಲ್ಲಿ 499 ಡಾಲರಿಗೆ ಮಾರಿದ 4 ಜಿಬಿ ಮೊದಲ ಐಫೋನ್, ಸೀಲ್ಡ್ ಆಗಿದ್ದ ಒಂದು, 2023ರ ಜುಲೈಯಲ್ಲಿ ಹರಾಜಲ್ಲಿ 1,90,373 ಡಾಲರಿಗೆ ಹೋಯ್ತು. ಆ 4 ಜಿಬಿ ಮಾಡೆಲ್ ಬಿಡುಗಡೆ ಆಗಿ ಎರಡು ಮೂರು ತಿಂಗಳಲ್ಲೇ ನಿಲ್ಸಿದ್ರು, ಅದಕ್ಕೇ ಅಪರೂಪ. ಆದ್ರೆ ಅದರೊಳಗೆ ಇರೋದೂ ಒಂದು ಲಿಥಿಯಂ ಅಯಾನ್ ಬ್ಯಾಟರಿ, ಹದಿನಾರು ವರ್ಷ ಚಾರ್ಜ್ ಕಾಣ್ದೇ ಇದ್ದಿದ್ದು, ಅದು ಊದಿದ್ಯೋ ಇಲ್ವೋ ಒಡೀದೇ ಹೇಳಕ್ಕಾಗಲ್ಲ, ಒಡೆದ ಕ್ಷಣ ಆ ಬೆಲೆ ಇಲ್ಲ. ಅಂದ್ರೆ ಅಷ್ಟು ದುಡ್ಡು ಬಿದ್ದಿದ್ದು ಒಳಗಿನ ಫೋನಿಗಿಂತ ಹೆಚ್ಚಾಗಿ ಒಡೀದೇ ಇರೋದಕ್ಕೆ. ಮಾರೋ ಉದ್ದೇಶ ಇರೋರು ಹಾಗೇ ಇಡ್ಲಿ, ಅದು ಅವರ ಲೆಕ್ಕ.

ಇಡೋರು ಇನ್ನೊಂದು ಯೋಚನೆ ಮಾಡ್ಬೇಕು, ಆ ಸೀಲು ಕಾರ್ಖಾನೇದೇನಾ? ಶ್ರಿಂಕ್ ಪ್ಲಾಸ್ಟಿಕ್ ಮತ್ತು ಒಂದು ಹೀಟ್ ಗನ್ ಇದ್ರೆ ಯಾರು ಬೇಕಾದ್ರೂ ಯಾವ ಬಾಕ್ಸ್ ಬೇಕಾದ್ರೂ ಸುತ್ತಬಹುದು. ನಾನು ಒಬ್ಬರತ್ರ ಸೀಲ್ಡ್ ಅಂತ ತಗೊಂಡ ಗ್ರಾಫಿಕ್ಸ್ ಕಾರ್ಡ್ ಒಡೆದಾಗ ಅದರ ಚಿನ್ನದ ಬಣ್ಣದ ಅಂಚಿನ ಮೇಲೆ ಸ್ಲಾಟಿಗೆ ತೂರಿಸಿ ತೆಗೆದ ಗೀರುಗಳು ಸಾಲಾಗಿ ಕಾಣ್ತಿತ್ತು, ಒಂದ್ಸಲದ್ದಲ್ಲ, ಹತ್ತಾರು ಸಲದ್ದು. ಒಡೀದೇ ಇದ್ದಿದ್ರೆ ಅದು ಹೊಸದು ಅಂತಲೇ ನಂಬ್ಕೊಂಡು ಇರ್ತಿದ್ದೆ, ನನ್ನಿಂದ ತಗೊಂಡೋರೂ ನಂಬ್ತಿದ್ರು, ಅದು ನೆನೆಸ್ಕೊಂಡ್ರೆ ಇವತ್ತಿಗೂ ಸಿಟ್ಟು ಬರುತ್ತೆ. ಕಾರ್ಖಾನೆ ಸೀಲ್ ಇದ್ರೂ ಒಳಗೇನಿದೆ ಅಂತ ಗ್ಯಾರಂಟಿ ಇಲ್ಲ ಅನ್ನೋದಕ್ಕೆ ಇತಿಹಾಸದಲ್ಲೇ ಉದಾಹರಣೆ ಇದೆ, ಹಾರ್ಡ್ ಡಿಸ್ಕ್ ಮಾಡ್ತಿದ್ದ ಮಿನಿಸ್ಕ್ರೈಬ್ ಕಂಪನಿ 1987ರ ಕೊನೇಲಿ ಲೆಕ್ಕ ಸರಿದೂಗಿಸಕ್ಕೆ ಡ್ರೈವ್ ಬಾಕ್ಸಲ್ಲಿ ಇಟ್ಟಿಗೆ ತುಂಬಿಸಿ ಪ್ಯಾಕ್ ಮಾಡ್ಸಿತ್ತು, ಕಂಪನಿ ಆಮೇಲೆ ದಿವಾಳಿ ಆಯ್ತು.

ಒಡೆಯೋದಕ್ಕೂ ಇಡೋದಕ್ಕೂ ಮಧ್ಯೆ ಒಂದು ದಾರಿ ಇದೆ, ಈಗ ನಾನು ಹೆಚ್ಚಾಗಿ ಮಾಡೋದು ಅದೇ. ಬಾಕ್ಸಿನ ಆರೂ ಮುಖದ ಫೋಟೋ ತೆಗೆದು, ಪ್ಲಾಸ್ಟಿಕ್ ಜೋಡಿರೋ ಗೆರೆ ಎಲ್ಲಿದೆ ನೋಡಿ, ಬಾಕ್ಸಿನ ಮುಚ್ಚಳ ತೆಗೆಯೋ ಕಡೆ ಮಾತ್ರ ಕುಯ್ತೀನಿ, ಬಾಕ್ಸ್ ಅದರೊಳಗೇ ಇರುತ್ತೆ. ಸಾಮಾನು ಹೊರಗೆ ಜಾರಿಸಿ ಬ್ಯಾಟರಿ ತೆಗೆದು, ಕ್ಲೀನ್ ಮಾಡಿ, ಫ್ಲಾಪಿ ಓದಿಸಿ, ಪುಸ್ತಕ ಸ್ಕ್ಯಾನ್ ಮಾಡಿ, ಚಿಪ್ ಚುಚ್ಚಿಟ್ಟಿರೋ ಕಪ್ಪು ಫೋಮ್ ಇದ್ರೆ ಅದನ್ನೂ ಎಸೆದು (ಅದು ಕೊಳೀತಾ ಚಿಪ್ಪಿನ ಕಾಲಿಗೆ ತುಕ್ಕು ಹಿಡಿಸುತ್ತೆ) ವಾಪಸ್ ಇಡ್ತೀನಿ. ಮತ್ತೆ ಹೊಸ ಪ್ಲಾಸ್ಟಿಕ್ ಸುತ್ತೋದಿಲ್ಲ, ಸುತ್ತಿದ್ರೆ ನಾನೂ ಆ ಗ್ರಾಫಿಕ್ಸ್ ಕಾರ್ಡ್ ಮಾರಿದವರ ಸಾಲಿಗೇ ಸೇರ್ತೀನಿ. ಬದಲಿಗೆ ಯಾವತ್ತು ಒಡೆದೆ, ಏನು ತೆಗೆದೆ ಅಂತ ಒಂದು ಚೀಟಿ ಬರೆದು ಒಳಗೆ ಹಾಕ್ತೀನಿ. ಸೀಲ್ಡ್ ಅನ್ನೋ ಬೆಲೆ ಹೋಯ್ತು ನಿಜ, ಆದ್ರೆ ಇಪ್ಪತ್ತು ವರ್ಷ ಆದ್ಮೇಲೆ ಒಡೆಯೋರಿಗೆ ಹಸಿರು ಹಕ್ಕಳೆ ಸಿಗಲ್ಲ.

ಒಡೆದೋರು ದಯವಿಟ್ಟು ಅದೇ ಖುಷೀಲಿ ಪ್ಲಗ್ ಹಾಕ್ಬೇಡಿ. ವರ್ಷಗಟ್ಲೆ ಕರೆಂಟ್ ಕಾಣ್ದೇ ಇರೋ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗಿನ ಆಕ್ಸೈಡ್ ಪದರ ಸವೆದಿರುತ್ತೆ, ಬೋರ್ಡಿಗೆ ಕರೆಂಟ್ ಮಿತಿ ಹಾಕೋ ಬೆಂಚ್ ಸಪ್ಲೈಯಿಂದ (ಟೇಬಲ್ ಮೇಲಿಟ್ಟು ವೋಲ್ಟೇಜ್ ಹೊಂದಿಸೋ ಪವರ್ ಸಪ್ಲೈ) ನಿಧಾನಕ್ಕೆ ಕೊಡ್ಬೇಕು. ಕಮಡೋರ್ 64 ಅನ್ನೋ ಮನೆ ಕಂಪ್ಯೂಟರಿನ ಹಳೇ ಅಡಾಪ್ಟರ್ ಅಂತೂ ಹೊಸ ಬಾಕ್ಸಿಂದ ಬಂದಿದ್ರೂ ಹಾಕ್ಬೇಡಿ, ಅದರ ರೆಗ್ಯುಲೇಟರ್ (ವೋಲ್ಟೇಜ್ ಸ್ಥಿರವಾಗಿಡೋ ಭಾಗ) ಕೆಟ್ರೆ 5 ವೋಲ್ಟ್ ಲೈನಲ್ಲಿ ಜಾಸ್ತಿ ವೋಲ್ಟೇಜ್ ಬಂದು ರ‍್ಯಾಮ್ ಚಿಪ್ ಸುಡುತ್ತೆ. ಬ್ರಿಟನ್ನಿನ ಬಿಬಿಸಿ ಮೈಕ್ರೋ ಥರದ ಹಳೇ ಕಂಪ್ಯೂಟರುಗಳ ಪವರ್ ಸಪ್ಲೈಯಲ್ಲಿ ಕಾಗದದ ಕೆಪಾಸಿಟರ್ ಇರುತ್ತೆ, ಅದರ ಮೈ ಬಿರುಕು ಬಿಟ್ಟು ತೇವ ಹೀರ್ಕೊಂಡಿರುತ್ತೆ, ಆನ್ ಮಾಡಿ ಸ್ವಲ್ಪ ಹೊತ್ತಲ್ಲಿ ಢಬ್ ಅಂತ ಹೊಗೆ, ಮೊದ್ಲೇ ಬದಲಾಯಿಸಿ ಬಿಡಿ. 486 ಬೋರ್ಡಿಗೆ ಹಳೇ ಬ್ಯಾಟರಿ ಜಾಗದಲ್ಲಿ ಸಿಆರ್2032 (ನಾಣ್ಯದ ಆಕಾರದ ಲಿಥಿಯಂ ಸೆಲ್) ಹಾಕೋರು ಒಂದು ಡಯೋಡ್ (ಕರೆಂಟ್ ಒಂದೇ ದಿಕ್ಕಿಗೆ ಬಿಡೋ ಬಿಡಿಭಾಗ) ಮರೀಬೇಡಿ, ಆ ಸರ್ಕ್ಯೂಟ್ ಬ್ಯಾಟರಿ ಚಾರ್ಜ್ ಮಾಡಕ್ಕೆ ನೋಡುತ್ತೆ, ಆ ಸೆಲ್ ಚಾರ್ಜ್ ಮಾಡೋದಲ್ಲ.

ಈಗ ನನ್ನ ಕಪಾಟಲ್ಲಿ ಸೀಲ್ ಒಡೀದೇ ಇರೋದು ಎರಡೇ. ಒಂದು ಆ ಸೌಂಡ್ ಕಾರ್ಡು, ಅದು ಹಾಗೇ ಇರುತ್ತೆ. ಇನ್ನೊಂದು 386 ಬೋರ್ಡು, ಬಾಕ್ಸ್ ಮೇಲಿನ ಚಿತ್ರದಲ್ಲಿ ಕೀಬೋರ್ಡ್ ಸಾಕೆಟ್ ಪಕ್ಕ ಅದೇ ನೀಲಿ ಪೀಪಾಯಿ ಕಾಣ್ತಿದೆ, ವಿನೆಗರ್ ಬಾಟ್ಲಿ ಹತ್ತಿಕಡ್ಡಿ ಎರಡೂ ಟೇಬಲ್ ಮೇಲೆ ಇಟ್ಟಿದೀನಿ, ಈ ಭಾನುವಾರ ಒಡೀತೀನಿ.