ಕೇಳದೇ ಯಾರೂ ಊರು ಬಿಡೋದಿಲ್ಲ: ಅನಿಮಲ್ ಕ್ರಾಸಿಂಗ್ ನ್ಯೂ ಹೊರೈಜನ್ಸ್

ಆಲಮಟ್ಟಿ ಹಿನ್ನೀರಿಗೆ ಓಣಿ ಓಣಿಗಳನ್ನೇ ಬಿಟ್ಟುಕೊಟ್ಟು ನವನಗರದ ಸೆಕ್ಟರುಗಳಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡ ಊರು ಬಾಗಲಕೋಟೆ. ಊರು ಬಿಡುವುದೆಂದರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಿಂಟೆಂಡೊ ಸ್ವಿಚ್ ಎಂಬ ಗೇಮಿನ ಯಂತ್ರ ಹಿಡಿದು ಮೂಲೆಯಲ್ಲಿ ಕೂತ ಹುಡುಗಿ "ಅಯ್ಯ, ಶರ್ಬ್ ಊರ ಬಿಟ್ಟು ಹೊಂಟಾನ" ಅಂತ ಕೂಗಿದರೆ, ಜ್ವಾಲಾ ಹಸನು ಮಾಡುತ್ತಿದ್ದ ಅಜ್ಜಿಯೂ ಒಮ್ಮೆ ತಲೆ ಎತ್ತಿ ನೋಡುತ್ತಾಳೆ. ಶರ್ಬ್ ಅಂದರೆ ಅನಿಮಲ್ ಕ್ರಾಸಿಂಗ್ ಆಟದಲ್ಲಿನ ನೀಲಿ ಬಣ್ಣದ ಒಂದು ಸೋಮಾರಿ ಹೋತ. ಅವನು ಹೊರಟರೆ ಮಕ್ಕಳು ಎರಡು ದಿನ ಸರಿಯಾಗಿ ಉಣ್ಣುವುದಿಲ್ಲ.

2020ರ ಮಾರ್ಚ್ 20ಕ್ಕೆ ಬಂದ ಈ ಆಟದಲ್ಲಿ ನಿಮ್ಮದೊಂದು ದ್ವೀಪ, ಅದರಲ್ಲಿ ಹೆಚ್ಚೆಂದರೆ 10 ಮನೆ ನೆರೆಯವರು, ಎಲ್ಲರೂ ಪ್ರಾಣಿಗಳೇ. 2021ರ ನವೆಂಬರಿನ ದೊಡ್ಡ ಅಪ್‌ಡೇಟ್‌ನಲ್ಲಿ ಆಟದ ಪ್ರಾಣಿಗಳ ಸಂಖ್ಯೆ 413ಕ್ಕೆ ಏರಿತ್ತು. ಅಷ್ಟರಲ್ಲಿ ಹತ್ತೇ ಜನ ನಿಮ್ಮವರಾದ್ದರಿಂದ ಒಬ್ಬೊಬ್ಬರ ಮೇಲೂ ಮಮತೆ ಬೆಳೆಯುತ್ತದೆ. ಹಿಂದಿನ ಆಟವಾದ ನ್ಯೂ ಲೀಫ್‌ನಲ್ಲಿ ಈ ಮಮತೆಗೆ ಬೆಲೆ ಇರಲಿಲ್ಲ. ಪರೀಕ್ಷೆ ಅಂತ ನಾಲ್ಕು ವಾರ ಆಟ ಮುಟ್ಟದಿದ್ದರೆ ಅಚ್ಚುಮೆಚ್ಚಿನವರೇ ಗಂಟುಮೂಟೆ ಕಟ್ಟಿ ಹೋಗಿರುತ್ತಿದ್ದರು, ಮನೆ ಇದ್ದ ಜಾಗದಲ್ಲಿ ಬರೀ ನೆಲ. ನ್ಯೂ ಹೊರೈಜನ್ಸ್ ಆ ಕಾಟ ತಪ್ಪಿಸಿದೆ: ನೀವು ಹೂಂ ಅನ್ನದೇ ಯಾರೂ ಹೋಗುವುದಿಲ್ಲ. ಆರು ತಿಂಗಳು ಬಿಟ್ಟು ಬಂದರೂ ಹತ್ತೂ ಮಂದಿ ಅಲ್ಲೇ ಇರುತ್ತಾರೆ. ದ್ವೀಪದ ತುಂಬ ಕಳೆ ಬೆಳೆದಿರುತ್ತದೆ, ಮನೆಯೊಳಗೆ ಜಿರಳೆ ಓಡಾಡುತ್ತಿರುತ್ತವೆ, ಎಲ್ಲಿಗೆ ಹೋಗಿದ್ದಿ ಅಂತ ನೆರೆಯವರು ಮುನಿಸಿಕೊಳ್ಳುತ್ತಾರೆ, ಅಷ್ಟೇ. ಈ ಒಂದು ನಿಯಮಕ್ಕಾಗಿಯೇ ಆಟಕ್ಕೆ ಅರ್ಧ ಅಂಕ ಹೆಚ್ಚು ಕೊಡಬಹುದು.

ಹಾಗಿದ್ದರೂ ನೆರೆಯವರನ್ನು ಕಳೆದುಕೊಳ್ಳುವವರು ಇದ್ದೇ ಇದ್ದಾರೆ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಎ ಗುಂಡಿಯ ಮೇಲಿನ ಹೆಬ್ಬೆರಳಿನದು.

ಹೊರಡುವ ಮನಸ್ಸಾದವರು ಮನೆಯಲ್ಲಿ ಕೂರುವುದಿಲ್ಲ. ತಲೆ ತಗ್ಗಿಸಿಕೊಂಡು ಹೊರಗೆ ಅಡ್ಡಾಡುತ್ತಿರುತ್ತಾರೆ, ತಲೆಯ ಮೇಲೊಂದು ಯೋಚನೆಯ ಗುಳ್ಳೆ ತೇಲುತ್ತಿರುತ್ತದೆ. ಗುಳ್ಳೆ ಕಂಡ ಕೂಡಲೇ ಎದೆ ಧಸಕ್ ಅನ್ನಬೇಕಾಗಿಲ್ಲ. ನಿಮಗೊಂದು ಅಡ್ಡಹೆಸರು ಇಡಬೇಕು, ತಮ್ಮ ಮಾತಿನ ಕೊನೆಯ ಪದ ಬದಲಿಸಬೇಕು ಅನ್ನಿಸಿದಾಗಲೂ ಅದೇ ಗುಳ್ಳೆ. ಹೋಗಿ ಮಾತಾಡಿಸಿದರೆ ಮಾತ್ರ ವಿಷಯ ಗೊತ್ತಾಗುತ್ತದೆ. ಊರು ಬಿಡುವ ಮಾತಾದರೆ ಎರಡು ಮೂರು ಸಾಲು ಪೀಠಿಕೆ, ಆಮೇಲೆ ನಿಮ್ಮ ಮುಂದೆ ಎರಡು ಉತ್ತರ: ಒಂದು ಇರು ಅನ್ನುವುದು, ಇನ್ನೊಂದು ಹೋಗು ಅನ್ನುವುದು. ಆಟದಲ್ಲಿ ಕನ್ನಡ ಇಲ್ಲ. ಇಂಗ್ಲಿಷ್ ಸಾಲುಗಳನ್ನು ಓಡಿಸಲು ಟಕಟಕ ಎ ಒತ್ತುವ ಚಟ ಇದ್ದವರು ಕೈಯಾರೆ ಕಳಿಸಿಕೊಡುವುದು ಇಲ್ಲೇ. ಗುಳ್ಳೆ ಇದ್ದವರ ಜೊತೆ ಮಾತಾಡುವಾಗ ಹೆಬ್ಬೆರಳು ಎತ್ತಿಟ್ಟು ಎರಡೂ ಸಾಲು ಪೂರ್ತಿ ಓದಿ, ಆಮೇಲೆ ಒತ್ತಿ. ಇರು ಅಂದರೆ ಮಾತು ಅಲ್ಲಿಗೇ ಮುಗಿಯಿತು. ಮಾತಾಡಿಸದೇ ಬಿಟ್ಟರೂ ಅವರು ಹೋಗುವುದಿಲ್ಲ, ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹಾಗೆ ಬಿಡುವುದು ಜಾಣತನವಲ್ಲ. ಒಂದು ಸ್ವಿಚ್‌ಗೆ ಒಂದೇ ದ್ವೀಪ, ಅದರಲ್ಲಿ 8 ಜನರವರೆಗೆ ಆಡಬಹುದು. ಅಕ್ಕ ಜೀವ ಇಟ್ಟುಕೊಂಡ ಬೆಕ್ಕಿಗೆ ತಮ್ಮ ಹೋಗಿ ಬಾ ಅಂದುಬಿಟ್ಟರೆ ಆಮೇಲೆ ಪಂಚಾಯ್ತಿ ಮಾಡಿ ಉಪಯೋಗವಿಲ್ಲ.

ಗುಳ್ಳೆಗಿಂತ ಅಪಾಯದ ಜಾಗ ಕ್ಯಾಂಪ್‌ಸೈಟ್. ಆಟದ ವಿನ್ಯಾಸದಲ್ಲಿ ನಿಜವಾಗಿ ಬೈಸಿಕೊಳ್ಳಬೇಕಾದದ್ದೂ ಇದೇ. ಆಗಾಗ ಯಾರೋ ಒಬ್ಬರು ಬಂದು ಡೇರೆ ಹಾಕುತ್ತಾರೆ. ಮೇಲಿಂದ ಮೇಲೆ ಮಾತಾಡಿಸಿ ಇಲ್ಲೇ ಇದ್ದುಬಿಡು ಅಂತ ಒತ್ತಾಯ ಮಾಡಿದರೆ ಒಂದು ಸಣ್ಣ ಇಸ್ಪೀಟಿನ ಊಹೆಯಾಟ ಆಡಿಸಿ ಒಪ್ಪಿಕೊಳ್ಳುತ್ತಾರೆ. ಹತ್ತು ಮನೆಯೂ ತುಂಬಿದ್ದರೆ ಜಾಗ ಎಲ್ಲಿ? ಆಗ ಆ ಅತಿಥಿಯೇ ನಿಮ್ಮವರಲ್ಲೊಬ್ಬರ ಹೆಸರು ಹೇಳಿ, ಅವರನ್ನು ಕೇಳಿ ನೋಡಲೇ ಅನ್ನುತ್ತಾರೆ. ಹೆಸರು ಆರಿಸುವುದು ನೀವಲ್ಲ, ಆಟ. ನಿನ್ನೆ ಬಂದ ಅತಿಥಿ ಮನೆಯ ಹಿರಿಯರನ್ನು ಎಬ್ಬಿಸಿದ ಹಾಗೆ. ಆ ಹೆಸರು ನಿಮಗೆ ಬೇಕಾದವರದಾದರೆ ಅಲ್ಲೇ ಬೇಡ ಅನ್ನಿ. ಬೇರೆ ಹೆಸರು ಬರಲಿ ಅಂತಿದ್ದರೆ, ಒಪ್ಪಿಗೆ ಕೊಡುವ ಮೊದಲೇ ಹೋಮ್ ಗುಂಡಿ ಒತ್ತಿ, ಎಕ್ಸ್ ಒತ್ತಿ ಆಟವನ್ನೇ ಮುಚ್ಚಿ. ಮತ್ತೆ ತೆರೆದಾಗ ಆ ಮಾತುಕತೆ ನಡೆದೇ ಇಲ್ಲದಂತಿರುತ್ತದೆ. ಈ ಉಪಾಯಕ್ಕೆ ಒಂದು ತಯಾರಿ ಬೇಕು: ಡೇರೆಯೊಳಗೆ ಹೋಗುವ ಮುಂಚೆ ಮೈನಸ್ ಗುಂಡಿ ಒತ್ತಿ ಸೇವ್ ಮಾಡಿ ಹೊರಬಂದು ಮತ್ತೆ ಶುರು ಮಾಡಿ. ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಹಿಡಿದ ಮೀನೂ ಕೈ ತಪ್ಪಬಹುದು.

ಅಮಿಬೊ ಕಾರ್ಡ್ (ಒಂದೊಂದರಲ್ಲೂ ಆಟದ ಒಬ್ಬೊಬ್ಬರಿರುವ, ಬೇರೆಯಾಗಿ ಕೊಳ್ಳುವ ಕಾರ್ಡ್) ಇದ್ದವರಿಗೆ ಈ ಗೋಳಿಲ್ಲ. ದ್ವೀಪದ ಕಚೇರಿಯಾದ ರೆಸಿಡೆಂಟ್ ಸರ್ವಿಸಸ್ ಕಟ್ಟಡದೊಳಗಿನ ನೂಕ್ ಸ್ಟಾಪ್ ಯಂತ್ರದಲ್ಲಿ ಕಾರ್ಡ್ ತೋರಿಸಿ ಕರೆದವರು ಡೇರೆಗೆ ಬಂದು ಏನಾದರೊಂದು ಮಾಡಿಕೊಡು ಅಂತ ಕೇಳುತ್ತಾರೆ. ದಿನಕ್ಕೊಂದರಂತೆ ಮೂರು ದಿನ ಮಾಡಿಕೊಟ್ಟರೆ ಮೂರನೆಯ ದಿನ ಇಲ್ಲೇ ನೆಲೆಸಲು ಒಪ್ಪುತ್ತಾರೆ. ಯಾರ ಮನೆ ಖಾಲಿಯಾಗಬೇಕು ಅನ್ನುವುದನ್ನು ಇಲ್ಲಿ ನೀವೇ ಆರಿಸುತ್ತೀರಿ. ಕೊರತೆ ಒಂದೇ, ಕಾರ್ಡಿನ ಪೊಟ್ಟಣ ಒಡೆಯುವವರೆಗೆ ಒಳಗೆ ಯಾರಿದ್ದಾರೆ ಗೊತ್ತಾಗುವುದಿಲ್ಲ.

ಮಕ್ಕಳ ನಡುವೆ ಓಡಾಡುವ ಕೆಲವು ಮಾತುಗಳು ಶುದ್ಧ ಸುಳ್ಳು. ಬೇಡದವರಿಗೆ ಬಲೆಯಿಂದ ಹೊಡೆದರೆ ಊರು ಬಿಡುತ್ತಾರೆ ಅನ್ನುವುದು ಒಂದು. ಹೊಡೆತದಿಂದ ಸ್ನೇಹ ಕೆಡುತ್ತದೆ, ಸಿಟ್ಟು ಬರುತ್ತದೆ, ಹೊರಡುವುದಂತೂ ಇಲ್ಲ. ಕಚೇರಿಯಲ್ಲಿ ಕೂರುವ ಇಸಬೆಲ್ ಹತ್ತಿರ ದೂರು ಕೊಟ್ಟರೆ ಓಡಿಸುತ್ತಾಳೆ ಅನ್ನುವುದು ಇನ್ನೊಂದು. ದೂರಿನಿಂದ ಅವರ ಮಾತಿನ ವರಸೆ, ಹಾಕಿಕೊಂಡ ಅಂಗಿ ಮೊದಲಿನಂತಾಗುತ್ತವೆ, ಅಷ್ಟೇ. ಮನೆ ಇರುವ ಜಾಗ ಸೇರದೇ ಹೋಗುತ್ತಾರೆ ಅನ್ನುವುದಕ್ಕೂ ಆಧಾರವಿಲ್ಲ. ನಿಮಗೇ ಆ ಜಾಗ ಬೇಡವಾಗಿದ್ದರೆ ದ್ವೀಪದ ಉಸ್ತುವಾರಿ ನೋಡುವ ಟಾಮ್ ನೂಕ್‌ಗೆ 50,000 ಬೆಲ್ (ಆಟದೊಳಗಿನ ಹಣ) ಕೊಟ್ಟು ಮನೆಯನ್ನೇ ಎತ್ತಿ ಬೇರೆಡೆ ಇಡಿಸಬಹುದು. ಸರಕಾರಿ ಪುನರ್ವಸತಿಗಿಂತ ಚುರುಕು, ಮರುದಿನವೇ ಮನೆ ಹೊಸ ಜಾಗದಲ್ಲಿ.

ಸ್ನೇಹ ಎಷ್ಟೇ ಗಟ್ಟಿಯಾದರೂ ಗುಳ್ಳೆ ಬರುವುದು ನಿಲ್ಲುವುದಿಲ್ಲ. ಆದರೂ ಸ್ನೇಹ ಬೆಳೆಸುವುದರಲ್ಲಿ ಲಾಭವಿದೆ, ಕಡೆಗೊಂದು ದಿನ ಅವರು ತಮ್ಮ ಫೋಟೊ ಕೊಡುತ್ತಾರೆ. ಒಬ್ಬರಿಗೆ ದಿನಕ್ಕೆ ಒಂದೇ ಉಡುಗೊರೆ. ನೂಕ್ಸ್ ಕ್ರ್ಯಾನಿ ಅಂಗಡಿಯ ಕಾಗದದಲ್ಲಿ ಸುತ್ತಿ ಕೊಟ್ಟರೆ ಹೆಚ್ಚು ಫಲ. ಎಲ್ಲರೂ ಮಾಡುವ ತಪ್ಪು ಅಂದರೆ ಕೈಗೆ ಸಿಕ್ಕ ಕುರ್ಚಿ ಮೇಜು ಕೊಡುವುದು. ಕೊಟ್ಟದ್ದನ್ನು ಅವರು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಚೆಂದದ ಮನೆ ವಾರದೊಳಗೆ ಗುಜರಿ ಅಂಗಡಿಯಂತಾಗುತ್ತದೆ. ನಿಮ್ಮ ದ್ವೀಪದಲ್ಲಿ ಬೆಳೆಯದ ಹಣ್ಣು ಕೊಡುವುದು ಲೇಸು. ಜ್ವರ ಬಂದು ಮಲಗಿದವರಿಗೆ 400 ಬೆಲ್ ಕೊಟ್ಟು ಔಷಧಿ ತನ್ನಿ, ಇಲ್ಲವೇ ಒಂದು ಕಣಜದ ಗೂಡು, ಮೂರು ಹಿಡಿ ಕಳೆ ಸೇರಿಸಿ ನೀವೇ ಮಾಡಿ.

ಕೈತಪ್ಪಿ "ಹೋಗು" ಅಂದೇಬಿಟ್ಟಿರಿ ಅಂದುಕೊಳ್ಳಿ. ಮರುದಿನ ಅವರ ಮನೆ ತುಂಬ ಕಟ್ಟಿಟ್ಟ ಪೆಟ್ಟಿಗೆಗಳು, ಅದರ ಮರುದಿನ ಮನೆಯೇ ಇಲ್ಲ. ಪೆಟ್ಟಿಗೆ ಕಟ್ಟಿದ ಆ ಒಂದು ದಿನದಲ್ಲಿ, ಖಾಲಿ ಜಾಗ ಇರುವ ಗೆಳೆಯರೊಬ್ಬರನ್ನು ನಿಮ್ಮ ದ್ವೀಪಕ್ಕೆ ಕರೆದರೆ ಅವರು ತಮ್ಮಲ್ಲಿಗೆ ಕರೆದುಕೊಂಡು ಹೋಗಬಹುದು. ದೂರದಿಂದ ಬರಬೇಕಾದರೆ ಇಂಟರ್ನೆಟ್ಟೂ ಬೇಕು, ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾ ಕೂಡ ಬೇಕು. ಪಕ್ಕದ ಮನೆಯಲ್ಲೇ ಇನ್ನೊಂದು ಸ್ವಿಚ್ ಇದ್ದರೆ ಎರಡೂ ಬೇಡ. ಖಾಲಿಯಾದ ಜಾಗವನ್ನು ಹಾಗೇ ಬಿಟ್ಟರೆ ಆಟವೇ ಯಾರನ್ನಾದರೂ ತಂದು ಕೂರಿಸುತ್ತದೆ. ಆಟದಲ್ಲಿ ಗಳಿಸಿದ ಮೈಲ್ಸ್ ಎಂಬ ಅಂಕಗಳಲ್ಲಿ 2,000 ಕೊಟ್ಟು ಟಿಕೆಟ್ ಪಡೆದು ಬೇರೆ ದ್ವೀಪಗಳಿಗೆ ಹೋಗಿ ಹುಡುಕುವುದಿದ್ದರೆ ಅಂದೇ ಹುಡುಕಿ. ಹೋದವರೇ ಮುಂದೊಮ್ಮೆ ಸಿಕ್ಕರೂ ಸಿಗಬಹುದು, ಆದರೆ ನಿಮ್ಮ ಗುರುತು ಹಿಡಿಯುವುದಿಲ್ಲ, ಸ್ನೇಹ ಸೊನ್ನೆಯಿಂದ ಶುರು. ಇದರಲ್ಲೂ ಒಂದು ಲಾಭವಿದೆ. ಆಟದ ಆರಂಭದಲ್ಲಿ ಬರುವ ಐವರ ಮನೆಗಳು ಒಳಗೆ ಬಡಕಲಾಗಿರುತ್ತವೆ, ಅವರು ಹೋಗಿ ತಿರುಗಿ ಬಂದರೆ ತಮ್ಮ ಅಸಲಿ ಸಾಮಾನಿನೊಂದಿಗೆ ಬರುತ್ತಾರೆ. ಕಳಿಸಲು ಮನಸ್ಸಾಗದವರು ಹ್ಯಾಪಿ ಹೋಮ್ ಪ್ಯಾರಡೈಸ್ ಎಂಬ ಹೆಚ್ಚುವರಿ ಭಾಗ ಕೊಂಡು ಅವರ ಮನೆಯನ್ನು ತಾವೇ ಸಿಂಗರಿಸಬಹುದು.

ನಮ್ಮ ಕಡೆ ಕೊಳ್ಳುವವರು ಗಮನಿಸಬೇಕಾದದ್ದು ಇನ್ನೊಂದಿದೆ. ಇಲ್ಲಿ ಕೈಗೆ ಬರುವುದು ಬಹುತೇಕ ಹೊರದೇಶದ ಮಾಲು, ಇಲ್ಲವೇ ಸೆಕೆಂಡ್ ಹ್ಯಾಂಡ್. ದ್ವೀಪ ಇರುವುದು ಕಾರ್ಟ್ರಿಜ್‌ನಲ್ಲಲ್ಲ, ಮೆಮೊರಿ ಕಾರ್ಡಿನಲ್ಲೂ ಅಲ್ಲ, ಯಂತ್ರದ ಒಳಗೆ. ಹಾಗಾಗಿ ಹಳೆ ಕಾರ್ಟ್ರಿಜ್ ಕೊಂಡರೆ ಹಿಂದಿನವರ ಊರು ನಿಮಗೆ ಬರುವುದಿಲ್ಲ, ಮಾರಿದರೆ ನಿಮ್ಮದು ಹೋಗುವುದೂ ಇಲ್ಲ. ಯಂತ್ರ ನೀರಿಗೆ ಬಿದ್ದರೆ ಮಾತ್ರ ಹತ್ತೂ ಮನೆ ಒಟ್ಟಿಗೆ ಮುಳುಗಡೆ. ಬೇರೆ ಆಟಗಳಂತೆ ಮಾಮೂಲಿ ಕ್ಲೌಡ್ ಸೇವ್ ಇದಕ್ಕಿಲ್ಲ, ಪ್ರತ್ಯೇಕ ದ್ವೀಪ ಬ್ಯಾಕಪ್ ಇದೆ, ಅದೂ ಚಂದಾ ಇದ್ದವರಿಗೆ. ಆಟದ ಮೊದಲ ಪರದೆಯಲ್ಲಿ ಮೈನಸ್ ಒತ್ತಿದರೆ ಟಾಮ್ ನೂಕ್ ಬರುತ್ತಾನೆ, ಅವನ ಹತ್ತಿರ ಹೇಳಿ ಬ್ಯಾಕಪ್ ಚಾಲೂ ಮಾಡಿಸಬೇಕು. ಹೊಸ ಸ್ವಿಚ್ ಕೊಂಡವರು ಹಳೆಯದನ್ನು ಮಾರುವ ಮೊದಲು ಐಲ್ಯಾಂಡ್ ಟ್ರಾನ್ಸ್‌ಫರ್ ಟೂಲ್ ಎಂಬ ಪುಕ್ಕಟೆ ತಂತ್ರಾಂಶವನ್ನು ಎರಡೂ ಯಂತ್ರಗಳಿಗೆ ಇಳಿಸಿಕೊಂಡು, ಎರಡನ್ನೂ ಪಕ್ಕಪಕ್ಕ ಇಟ್ಟು ದ್ವೀಪ ದಾಟಿಸಿ. ಹಳೆಯದರಲ್ಲಿ ಎಲ್ಲ ಅಳಿಸುವ ಮುಂಚೆ ಹೊಸದರಲ್ಲಿ ಒಮ್ಮೆ ಆಟ ತೆರೆದು ಹತ್ತೂ ಮನೆಯ ಬಾಗಿಲು ಬಡಿದು ಬನ್ನಿ.