ವಿಮಾ ವೃತ್ತಿಪರರ ಸಂಘದ ಸ್ಥಳೀಯ ಚಾಪ್ಟರ್: ಒಡನಾಟಕ್ಕೆ ಸೇರಿ, ಪಿನ್ನಿಗಾಗಿ ಕಾಯಬೇಡಿ

ಕಂತು ತಪ್ಪಿ ಲ್ಯಾಪ್ಸ್ ಆದ ಜೀವವಿಮಾ ಪಾಲಿಸಿಗೆ ರಿವೈವಲ್, ಅಂದರೆ ಮತ್ತೆ ಜೀವ ತುಂಬುವ ದಾರಿ, ಉಂಟು. ಬಾಕಿ ಪ್ರೀಮಿಯಂ ಬಡ್ಡಿ ಸಮೇತ ಕಟ್ಟಿ, ಕೇಳಿದರೆ ಆರೋಗ್ಯದ ಘೋಷಣೆ ಕೊಟ್ಟರೆ, ಹಳೇ ಪಾಲಿಸಿಯೇ ಹಳೇ ದಿನಾಂಕದೊಂದಿಗೆ ಮುಂದುವರಿಯುತ್ತದೆ. ಲ್ಯಾಪ್ಸ್ ಆದ ಸಂಘದ ಸದಸ್ಯತ್ವಕ್ಕೆ ಆ ಭಾಗ್ಯವಿಲ್ಲ. ಒಂದು ವರ್ಷದ ಚಂದಾ ತಪ್ಪಿ, ಮುಂದೆ ಹೊಸ ಅರ್ಜಿ ಹಾಕಿ ಸೇರಿದಿರಿ ಅಂದರೆ ಡೇಟಾಬೇಸ್‌ನಲ್ಲಿ ನೀವು ನಿನ್ನೆ ಬಂದವರು. ಸದಸ್ಯರಾಗಿ ಹತ್ತು, ಇಪ್ಪತ್ತೈದು ವರ್ಷ ತುಂಬಿದವರ ಎದೆಗೆ ತೊಡಿಸುವ ಗೌರವದ ಪಿನ್ನಿನ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ವಿಮೆಯವರೇ ಕಟ್ಟಿ ನಡೆಸುವ ಸಂಘದಲ್ಲಿ ಹೀಗಾಗುತ್ತದಲ್ಲ ಅನ್ನುವುದೇ ನನ್ನ ದೊಡ್ಡ ತಕರಾರು. ಹಾಗಿದ್ದೂ ಪ್ರತಿ ವರ್ಷ ಚಂದಾ ಕಟ್ಟುತ್ತಿದ್ದೇನೆ. ಅದೇಕೆ ಅಂತ ಮೊದಲು ಹೇಳಿ, ತಕರಾರಿಗೆ ಆಮೇಲೆ ಬರುತ್ತೇನೆ.

ಸದಸ್ಯತ್ವದ ವರ್ಗಗಳು, ಸಮಿತಿಗಳ ಪಟ್ಟಿ, ರಿಯಾಯಿತಿಗಳು ಎಲ್ಲ ಬ್ರೋಷರ್‌ನಲ್ಲೇ ಇವೆ, ಬಿಡಿ. ಬ್ರೋಷರ್ ಹೇಳದ ಸಂಗತಿ ಏನೆಂದರೆ ಖರ್ಚು ಮೂರು ಕಂತಿನದು: ಕೇಂದ್ರ ಸಂಘದ ಚಂದಾ, ಚಾಪ್ಟರ್‌ನ (ಸ್ಥಳೀಯ ಘಟಕದ) ಚಂದಾ, ಪ್ರತಿ ಕಾರ್ಯಕ್ರಮದ ಟಿಕೆಟ್. ಕಂಪನಿ ಕಟ್ಟುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಜೇಬಿನಿಂದ ಕಟ್ಟುವವರಿಗೆ ಮೂರನೆಯದೇ ಭಾರ. ನಾನು ಎರಡನೇ ಗುಂಪಿನವನು, ಮುಂದೆ ಬರುವ ತೀರ್ಪನ್ನು ಅದಕ್ಕೆ ತಕ್ಕಂತೆ ಓದಿಕೊಳ್ಳಿ.

ದುಡ್ಡು ವಸೂಲಾಗುವ ಜಾಗ ಸಂಜೆಯ ಸಣ್ಣ ಕೂಟಗಳು. ಅದರಲ್ಲೂ ಭಾಷಣ ಶುರುವಾಗುವ ಮುಂಚಿನ ಅರ್ಧ ಗಂಟೆ. ಬಾಗಿಲ ಹತ್ತಿರ ಒಂದು ಮೇಜು, ಅದರ ಮೇಲೆ ಅಕಾರಾದಿಯಾಗಿ ಜೋಡಿಸಿದ ಬ್ಯಾಡ್ಜ್‌ಗಳು. ಒಳ್ಳೆಯ ಚಾಪ್ಟರ್ ಯಾವುದು ಅಂತ ಈ ಮೇಜಿನಲ್ಲೇ ಗೊತ್ತಾಗುತ್ತದೆ. ಹೆಸರು ಎರಡು ಮಾರು ದೂರದಿಂದ ಓದುವಷ್ಟು ದಪ್ಪ ಇರಬೇಕು, ಕಂಪನಿಯ ಹೆಸರು ಅದರ ಕೆಳಗೆ ಸಣ್ಣದಾಗಿ. ಕೊರಳಪಟ್ಟಿಯ ಬ್ಯಾಡ್ಜ್ ಆದರೆ ಎರಡೂ ಬದಿ ಮುದ್ರಿಸಬೇಕು, ಯಾಕೆಂದರೆ ಅದು ತಿರುಗದೆ ಇರುವುದೇ ಇಲ್ಲ. ಪಿನ್ ಅಥವಾ ಅಯಸ್ಕಾಂತದ್ದಾದರೆ ಬಲ ಎದೆಗೆ ಹಾಕಿಕೊಳ್ಳಿ. ಕೈಕುಲುಕುವಾಗ ಎದುರಿನವರ ಕಣ್ಣು ನೇರ ಅಲ್ಲಿಗೇ ಬರುತ್ತದೆ. ನಮ್ಮ ಚಾಪ್ಟರ್‌ನಲ್ಲಿ ಬ್ಯಾಡ್ಜಿನ ಅಂಚಿಗೆ ಬಣ್ಣದ ಪಟ್ಟಿ ಇರುತ್ತದೆ: ಅಂಡರ್‌ರೈಟಿಂಗ್‌ಗೆ (ಅಪಾಯ ಅಳೆದು ಪಾಲಿಸಿ ಬರೆಯುವವರಿಗೆ) ಒಂದು, ಕ್ಲೇಮ್‌ಗೆ ಒಂದು, ಬ್ರೋಕರ್ ಮತ್ತು ಏಜೆಂಟರಿಗೆ ಒಂದು, ನಷ್ಟ ಅಳೆಯುವ ಸರ್ವೇಯರ್‌ಗಳಿಗೆ ಇನ್ನೊಂದು. ಮೊದಲ ಸಲ ಬಂದವರಿಗೆ ಬೇರೆಯೇ ರಿಬ್ಬನ್. ಆ ರಿಬ್ಬನ್ ಕಂಡರೆ ಪದಾಧಿಕಾರಿಗಳಲ್ಲಿ ಒಬ್ಬರು ಹೋಗಿ ಮಾತಾಡಿಸಲೇಬೇಕು ಅನ್ನುವುದು ಅಲಿಖಿತ ನಿಯಮ. ಪದಾಧಿಕಾರಿ ಮೇಜಿನ ಹಿಂದೆ ಕೂತಿದ್ದರೆ ಇದು ನಡೆಯುವುದಿಲ್ಲ. ಮೇಜಿನ ಈಚೆ, ಬಾಗಿಲ ಕಡೆ ಮುಖ ಮಾಡಿ ನಿಂತಿರಬೇಕು.

ಬಣ್ಣದ ಪಟ್ಟಿ ಮಕ್ಕಳಾಟ ಅನ್ನಿಸಬಹುದು. ಆದರೆ ಪಾಲಿಸಿ ಬರೆಯುವವರೂ ಕ್ಲೇಮ್ ನೋಡುವವರೂ ಕಚೇರಿಯಲ್ಲಿ ಎದುರುಬದುರಾಗುವುದು ಅಪರೂಪ. ಇಲ್ಲಿ ಸಿಗುತ್ತಾರೆ. ಗೋದಾಮಿನ ದಾಸ್ತಾನಿಗೆ ವಿಮಾ ಮೊತ್ತ ಕಡಿಮೆ ಬರೆಸಿದರೆ ಏನಾಗುತ್ತದೆ ಅಂತ ಪಠ್ಯದಲ್ಲಿ ಎಲ್ಲರೂ ಓದಿರುತ್ತಾರೆ: ಸರಕಿನ ಬೆಲೆ 100 ಇದ್ದು ವಿಮೆ 60ಕ್ಕೆ ಮಾಡಿಸಿದ್ದರೆ, 30ರ ನಷ್ಟಕ್ಕೆ ಆವರೇಜ್ ಷರತ್ತಿನ (ವಿಮೆ ಕಡಿಮೆಯಾದ ಪ್ರಮಾಣದಲ್ಲೇ ಪರಿಹಾರವನ್ನೂ ಇಳಿಸುವ ಷರತ್ತಿನ) ಪ್ರಕಾರ ಸಿಗುವುದು 18. ಆದರೆ ಆ 60 ಹೇಗೆ ಬಂತು ಅನ್ನುವುದನ್ನು ಸರ್ವೇಯರ್ ಬಾಯಿಂದಲೇ ಕೇಳಬೇಕು. ಹಿಂದಿನ ವರ್ಷದ ಬ್ಯಾಲೆನ್ಸ್ ಶೀಟಿನ ಅಂಕಿಯನ್ನೇ ನಕಲು ಮಾಡಿರುತ್ತಾರೆ. ವರ್ಷಾಂತ್ಯದ ದಾಸ್ತಾನು ಬರೆದಿರುತ್ತಾರೆ, ಹಂಗಾಮಿನ ಗರಿಷ್ಠವನ್ನಲ್ಲ. ಇದನ್ನು ಹತ್ತು ನಿಮಿಷ ಕೇಳಿಸಿಕೊಂಡ ಬ್ರೋಕರ್ ಮಾರನೇ ದಿನ ತನ್ನ ಪ್ರಶ್ನಾವಳಿ ತಿದ್ದುತ್ತಾನೆ.

ಒಂದು ಎಚ್ಚರಿಕೆ. ಪ್ರತಿಸ್ಪರ್ಧಿ ಕಂಪನಿಗಳವರು ಒಂದೇ ಮೇಜಿನ ಸುತ್ತ ನಿಂತಾಗ ಪ್ರೀಮಿಯಂ ದರ, ಕಮಿಷನ್, ಇಂಥ ಗ್ರಾಹಕರನ್ನು ಅಥವಾ ಇಂಥ ರಿಪೇರಿಯವರನ್ನು ದೂರ ಇಡೋಣ ಅನ್ನುವ ಮಾತು ಬರಕೂಡದು. ಸ್ಪರ್ಧಾ ಕಾನೂನು ಕೂಟಕ್ಕೂ ಅನ್ವಯ, ಸಭೆಗೂ ಅನ್ವಯ. ಅಮೆರಿಕದಲ್ಲಿ ದರ ನಿಗದಿ ಮಾಡುತ್ತಿದ್ದ ವಿಮಾದಾರರ ಕೂಟವೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1944ರಲ್ಲಿ ಕೊಟ್ಟ ತೀರ್ಪಿನಿಂದ ವಿಮೆ ಈ ಕಾನೂನಿನ ಕೈಗೆ ಸಿಕ್ಕಿತು; ಮರುವರ್ಷವೇ ಸಂಸತ್ತು ಹೊಸ ಕಾಯ್ದೆ ತಂದು ಭಾಗಶಃ ವಿನಾಯಿತಿ ಕೊಟ್ಟಿತು. ಅಲ್ಲಿನ ಚಾಪ್ಟರ್‌ಗಳಲ್ಲಿ ಸಭೆಗೆ ಮೊದಲು ಈ ಸೂಚನೆ ಓದುವ ರೂಢಿ ಇದೆ. ನಿಮ್ಮಲ್ಲಿ ಓದುವುದಿಲ್ಲವಾದರೆ ಓದಲು ಕೇಳಿ. ಕೇಳಿದವರನ್ನು ಯಾರೂ ಮೂಗು ಮುರಿದು ನೋಡುವುದಿಲ್ಲ, ನೋಡಿದರೆ ಅವರಿಂದಲೇ ದೂರ ಇರಿ.

ಗಾಲ್ಫ್ ದಿನದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ಆಟ ಬಾರದಿದ್ದರೂ ಹೋಗಬಹುದು, ನೋಡಬೇಕಾದದ್ದು ಅದರ ಪಾಲಿಸಿ. ಒಂದೇ ಹೊಡೆತಕ್ಕೆ ಕುಳಿಗೆ ಬಿದ್ದರೆ ಕಾರು ಬಹುಮಾನ ಅಂತ ಫಲಕ ಹಾಕಿರುತ್ತಾರಲ್ಲ, ಆ ಕಾರಿನ ದುಡ್ಡು ಸಂಘದ್ದಲ್ಲ, ಹೋಲ್-ಇನ್-ಒನ್ ವಿಮೆಯದು. ಪ್ರೀಮಿಯಂ ನಿಲ್ಲುವುದು ಆಟಗಾರರ ಸಂಖ್ಯೆ, ಕುಳಿಯ ದೂರ, ಬಹುಮಾನದ ಬೆಲೆ ಈ ಮೂರರ ಮೇಲೆ. ಷರತ್ತುಗಳು ಬಿಗಿ: ನಮೂದಿಸಿದ ಕುಳಿ ಮಾತ್ರ, ಕನಿಷ್ಠ ದೂರ ಇಷ್ಟು, ಆಡದೆ ಬರೇ ನೋಡುವ ಸಾಕ್ಷಿಗಳು ಇಷ್ಟು, ವೃತ್ತಿಪರ ಆಟಗಾರರಿಗೆ ಬೇರೆ ನಿಯಮ. ಎಡವಟ್ಟು ಆಗುವುದು ಹೀಗೆ: ಬೆಳಿಗ್ಗೆ ಹುಲ್ಲು ಕತ್ತರಿಸುವವರು ಟೀ ಗುರುತನ್ನು (ಚೆಂಡು ಹೊಡೆಯುವ ಜಾಗದ ಗುರುತನ್ನು) ನಾಲ್ಕು ಹೆಜ್ಜೆ ಮುಂದಕ್ಕಿಟ್ಟು ಹೋಗುತ್ತಾರೆ, ದೂರ ಕನಿಷ್ಠಕ್ಕಿಂತ ಕಡಿಮೆಯಾಗುತ್ತದೆ, ಕ್ಲೇಮ್ ಅಲ್ಲಿಗೇ ಮುಗಿಯಿತು. ಕೊನೇ ಕ್ಷಣದಲ್ಲಿ ಎಂಟು ಜನರನ್ನು ಸೇರಿಸಿ ವಿಮಾದಾರರಿಗೆ ತಿಳಿಸದಿದ್ದರೂ ಅದೇ ಗತಿ. ಆಟ ಶುರುವಾಗುವ ಮುನ್ನ ದೂರ ಅಳೆದು, ಫೋಟೋ ತೆಗೆದು, ಸಾಕ್ಷಿಯ ಸಹಿ ಹಾಕಿಸುವ ಸಂಘಟಕರು ಸಿಕ್ಕರೆ ಅವರಿಗೆ ಅಲ್ಲೇ ಒಂದು ಪ್ರಶಸ್ತಿ ಕೊಡಬೇಕು. ಕೊಡುವುದಿಲ್ಲ.

ಇನ್ನು ತಕರಾರಿಗೆ ಬರೋಣ.

ವಾರ್ಷಿಕ ಸನ್ಮಾನ ಸಂಜೆ ಅತಿ ದುಬಾರಿ ಟಿಕೆಟ್‌ನ ಕಾರ್ಯಕ್ರಮ, ಅತಿ ಹೆಚ್ಚು ಬೇಸರ ಹುಟ್ಟಿಸುವುದೂ ಅದೇ. ಯಾರದೂ ದುರುದ್ದೇಶವಿಲ್ಲ, ಎಲ್ಲ ಎಕ್ಸೆಲ್ ಕೆಲಸ. ಪಟ್ಟಿ ಮೂರು ಕಡೆಯಿಂದ ಬರುತ್ತದೆ: ಕೇಂದ್ರ ಕಚೇರಿಯ ಡೇಟಾಬೇಸ್, ಪರೀಕ್ಷಾ ಮಂಡಳಿಯ ಫಲಿತಾಂಶ, ಚಾಪ್ಟರ್ ಕಾರ್ಯದರ್ಶಿಯ ಸ್ವಂತ ಹಾಳೆ. ಮೂರೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಮೊದಲ ತೂತು ಪರೀಕ್ಷೆ ಪಾಸಾದವರದ್ದು. ಸಮಿತಿ ಪ್ರತಿ ವರ್ಷ ಜನವರಿಯಿಂದ ಸೆಪ್ಟೆಂಬರ್ ಕೊನೆಯವರೆಗಿನ ಫಲಿತಾಂಶ ಎಳೆದು ಪಟ್ಟಿ ಮಾಡುತ್ತದೆ ಅಂದುಕೊಳ್ಳಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅರ್ಹತೆ ಗಳಿಸಿದವರು ಈ ವರ್ಷದ ಪಟ್ಟಿಗೂ ಇಲ್ಲ, ಮುಂದಿನ ವರ್ಷದ್ದಕ್ಕೂ ಇಲ್ಲ. ಪರಿಹಾರ ಒಂದೇ ಸಾಲಿನದು: ಕಳೆದ ಪಟ್ಟಿಯ ಕೊನೇ ದಿನಾಂಕದಿಂದ ಈ ಪಟ್ಟಿಯ ದಿನಾಂಕದವರೆಗೆ ಅಂತ ಎಳೆಯಬೇಕು. ಸಮಿತಿ ವರ್ಷಕ್ಕೊಮ್ಮೆ ಬದಲಾಗುತ್ತದೆ, ಹಿಂದಿನವರು ಎಲ್ಲಿಗೆ ನಿಲ್ಲಿಸಿದರು ಅನ್ನುವ ಟಿಪ್ಪಣಿ ಮುಂದಿನವರಿಗೆ ಹೋಗುವುದಿಲ್ಲ.

ಎರಡನೆಯದು ಪಿನ್ನಿನದು. ಹಾಳೆಯಲ್ಲಿ ಫಿಲ್ಟರ್ ಹಾಕುವಾಗ ‘ವರ್ಷ 10ಕ್ಕೆ ಸಮ’ ಅಂತ ಹಾಕುತ್ತಾರೆ. 2020ರಲ್ಲಿ ಕಾರ್ಯಕ್ರಮ ರದ್ದು ಮಾಡಿದ ಚಾಪ್ಟರ್‌ಗಳಲ್ಲಿ ಆ ವರ್ಷ ಹತ್ತು ತುಂಬಿದವರು ಮರುವರ್ಷ ಹನ್ನೊಂದಕ್ಕೆ ಬಂದಿದ್ದರು, ಫಿಲ್ಟರ್‌ಗೆ ಸಿಗಲೇ ಇಲ್ಲ. ‘10 ಅಥವಾ ಹೆಚ್ಚು, ಪಿನ್ ಇನ್ನೂ ಕೊಟ್ಟಿಲ್ಲ’ ಅಂತ ಹಾಕಬೇಕು, ಅದಕ್ಕಾಗಿ ಕೊಟ್ಟ ದಿನಾಂಕದ ಒಂದು ಕಾಲಂ ಇಡಬೇಕು. ಲ್ಯಾಪ್ಸ್ ಸಮಸ್ಯೆಯ ಮೂಲ ಇನ್ನೂ ಸರಳ. ಚಂದಾ ನೋಟಿಸ್ ಹೋಗುವುದು ಕಚೇರಿಯ ಇಮೇಲಿಗೆ. ನಮ್ಮ ವೃತ್ತಿಯಲ್ಲಿ ಜನ ಕಂಪನಿ ಬದಲಿಸುತ್ತಲೇ ಇರುತ್ತಾರೆ. ಹಳೇ ವಿಳಾಸಕ್ಕೆ ಹೋದ ನೋಟಿಸ್ ಯಾರ ಕಣ್ಣಿಗೂ ಬೀಳದೆ ಸದಸ್ಯತ್ವ ಮುಗಿಯುತ್ತದೆ, ಮತ್ತೆ ಸೇರುವಾಗ ‘ಸೇರಿದ ದಿನಾಂಕ’ ಹೊಸದಾಗಿ ಕೂರುತ್ತದೆ. ಸೇರಿದ ದಿನಾಂಕ ಬೇರೆ, ಸೇವಾವಧಿಯ ಲೆಕ್ಕದ ದಿನಾಂಕ ಬೇರೆ ಅಂತ ಎರಡು ಕಾಲಂ ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಮೂರನೆಯದು ಫಲಕದ ಮೇಲಿನ ಹೆಸರು. ಇನಿಷಿಯಲ್ ಹಿಂದೋ ಮುಂದೋ, ಒಂದು ಅಕ್ಷರ ಹೆಚ್ಚೋ ಕಮ್ಮಿಯೋ, ಅರ್ಹತೆಯ ಅಕ್ಷರಗಳು ಬಿಟ್ಟುಹೋದದ್ದೋ. ಗಾಜಿನ ಮೇಲೆ ಕೆತ್ತಿದ್ದನ್ನು ತಿದ್ದಲು ಬರುವುದಿಲ್ಲ, ಇಡೀ ಗಾಜು ಹೊಸದಾಗಬೇಕು. ಮರದ ಹಲಗೆಗೆ ಲೋಹದ ಪಟ್ಟಿ ಅಂಟಿಸಿದ್ದಾದರೆ ಪಟ್ಟಿಯೊಂದನ್ನೇ ಬದಲಿಸಬಹುದು. ಸಮಿತಿಯವರು ಗಾಜನ್ನೇ ಆರಿಸುತ್ತಾರೆ, ಫೋಟೋದಲ್ಲಿ ಹೊಳೆಯುತ್ತದೆ ಅಂತ. ಆರ್ಡರ್ ಕೊಡುವ ನಾಲ್ಕು ವಾರ ಮೊದಲೇ ಪ್ರೂಫನ್ನು ಸದಸ್ಯರಿಗೇ ಕಳಿಸಿ ‘ಹೀಗೇ ಇರಲಿ’ ಅಂತ ಬರವಣಿಗೆಯಲ್ಲಿ ಒಪ್ಪಿಗೆ ಪಡೆದರೆ ಮುಗಿಯಿತು. ಜತೆಗೆ ಹೆಸರನ್ನು ಹೇಗೆ ಉಚ್ಚರಿಸಬೇಕು ಅಂತಲೂ ಅದೇ ಫಾರಂನಲ್ಲಿ ಕೇಳಿಬಿಡಬಹುದು.

ಇದಕ್ಕಿಂತ ಆಳದ ಸಮಸ್ಯೆ ಯಾರಿಗೆ ಪ್ರಶಸ್ತಿ ಅನ್ನುವುದು. ಮಾರಾಟದ ಸಾಧನೆಗೆ ಅಳತೆ ಸುಲಭ. 1927ರಲ್ಲಿ ಮೆಂಫಿಸ್‌ನಲ್ಲಿ 32 ಜನರಿಂದ ಶುರುವಾದ, ಜೀವವಿಮೆ ಮಾರುವವರ ಸಂಘ ಮಿಲಿಯನ್ ಡಾಲರ್ ರೌಂಡ್ ಟೇಬಲ್ ಅನ್ನೇ ನೋಡಿ: ಮೂಲ ಗುರಿ ಮುಟ್ಟಿದರೆ ಸದಸ್ಯ, ಅದರ ಮೂರು ಪಟ್ಟು ಮುಟ್ಟಿದರೆ ಕೋರ್ಟ್ ಆಫ್ ದಿ ಟೇಬಲ್, ಆರು ಪಟ್ಟು ಮುಟ್ಟಿದರೆ ಟಾಪ್ ಆಫ್ ದಿ ಟೇಬಲ್. ಪಕ್ಕದವರನ್ನು ಹಿಂದಿಕ್ಕಬೇಕಿಲ್ಲ, ಗೆರೆ ದಾಟಿದರೆ ಸಾಕು. ಚಾಪ್ಟರ್‌ನ ‘ವರ್ಷದ ವ್ಯಕ್ತಿ’ಗೆ ಅಂಥ ಗೆರೆ ಇಲ್ಲ. ನಾಮನಿರ್ದೇಶನದ ಫಾರಂ ಮೊನ್ನೆಮೊನ್ನೆಯವರೆಗೆ ಎರಡು ಪುಟ ಇತ್ತು, ತುಂಬುವವರಿರಲಿಲ್ಲ, ಕೊನೆಗೆ ಸಮಿತಿಯವರೇ ಸಮಿತಿಯವರ ಹೆಸರು ಬರೆಯುತ್ತಿದ್ದರು. ಸಭೆಗೆ ಹೆಚ್ಚು ಬಂದವರಿಗೆ ಅಂಕ ಅನ್ನುವ ಪದ್ಧತಿ ತಂದರೆ ಕ್ಲೇಮ್ ವಿಭಾಗದವರು ಅಲ್ಲೇ ಸೋತರು. ಚಂಡಮಾರುತವೋ ಪ್ರವಾಹವೋ ಬಂದ ವಾರ ಅವರು ಹೊರಗಿರುತ್ತಾರೆ, ಅವರ ಮೇಜು ಖಾಲಿ. ಅವರು ಅತಿ ಚೆನ್ನಾಗಿ ಕೆಲಸ ಮಾಡಿದ ವರ್ಷವೇ ಅವರ ಹಾಜರಾತಿ ಅತಿ ಕಡಿಮೆ. ವಿಮಾ ಕಂಪನಿಗಳಿಗೇ ವಿಮೆ ಕೊಡುವ ರೀಇನ್ಶೂರೆನ್ಸ್‌ನವರ ಕಥೆಯೂ ಇದೇ, ಜನವರಿ 1ರ ರಿನ್ಯೂವಲ್ ಮುಗಿಯುವವರೆಗೆ ಡಿಸೆಂಬರ್‌ನಲ್ಲಿ ಅವರು ಯಾವ ಸಂಜೆಗೂ ಸಿಗುವುದಿಲ್ಲ. ಆದರೂ ಬಹಳ ಕಡೆ ಈ ಕಾರ್ಯಕ್ರಮ ಇಡುವುದು ಡಿಸೆಂಬರ್‌ನಲ್ಲೇ.

ಇಷ್ಟು ಬೈದ ಮೇಲೆ ಎರಡು ಒಳ್ಳೆಯ ಮಾತು ಹೇಳಲೇಬೇಕು, ಇತ್ತೀಚೆಗೆ ಎರಡು ಸಂಗತಿ ಸುಧಾರಿಸಿವೆ. ಒಂದು, ನಾಮನಿರ್ದೇಶನದ ಫಾರಂ ಮೂರು ಪ್ರಶ್ನೆಗೆ ಇಳಿದಿದೆ: ಯಾರು, ಏನು ಮಾಡಿದರು, ಅದರಿಂದ ಯಾರಿಗೆ ಅನುಕೂಲವಾಯಿತು. ಫೋನಿನಲ್ಲೇ ಎರಡು ನಿಮಿಷದಲ್ಲಿ ತುಂಬಬಹುದು. ಜತೆಗೆ ತಮ್ಮದೇ ಕಂಪನಿಯವರನ್ನು ಸೂಚಿಸುವಂತಿಲ್ಲ ಅನ್ನುವ ಷರತ್ತು. ಈ ಒಂದು ಷರತ್ತಿನಿಂದ ಪಟ್ಟಿಯ ಮುಖವೇ ಬದಲಾಯಿತು. ಬ್ರೋಕರ್‌ಗಳು ಎದುರು ಪಕ್ಷದ ಕ್ಲೇಮ್ ಅಧಿಕಾರಿಯ ಹೆಸರು ಬರೆಯತೊಡಗಿದರು: ಕ್ಲೇಮ್ ತಿರಸ್ಕರಿಸಿದರೂ ಯಾವ ಷರತ್ತಿನಡಿ, ಯಾಕೆ ಅಂತ ಗ್ರಾಹಕನಿಗೆ ಅರ್ಥವಾಗುವಂತೆ ಪತ್ರ ಬರೆದರು ಅಂತ. ದುಡ್ಡು ಕೊಡದವರನ್ನು ದುಡ್ಡು ಸಿಗದವರ ಕಡೆಯವರು ಹೊಗಳಿದ ಫಾರಂ ಅದು. ವೇದಿಕೆಯ ಮೇಲೆ ಓದಿದ ಯಾವ ಬಿನ್ನವತ್ತಳೆಗಿಂತ ಅದರ ತೂಕ ಹೆಚ್ಚು.

ಇನ್ನೊಂದು, ಹೊಸದಾಗಿ ಅರ್ಹತೆ ಪಡೆದವರಿಗೆ ಪಿನ್ ತೊಡಿಸುವ ರೀತಿ. ಮುಂಚೆ ಅಧ್ಯಕ್ಷರು ಸಾಲಾಗಿ ನಿಲ್ಲಿಸಿ ತೊಡಿಸುತ್ತಿದ್ದರು, ನಾಲ್ಕು ನಿಮಿಷದಲ್ಲಿ ಮುಗಿಯುತ್ತಿತ್ತು. ಈಗ ಓದಿಗೆ ನೆರವಾದವರನ್ನು ಅರ್ಹತೆ ಪಡೆದವರೇ ಆರಿಸಿ ವೇದಿಕೆಗೆ ಕರೆಯಬಹುದು, ತೊಡಿಸುವವರು ಅವರು. ಮೇಲಧಿಕಾರಿ, ಅಧ್ಯಯನ ಗುಂಪಿನ ಗೆಳತಿ, ಮನೆಯವರು, ಯಾರಾದರೂ ಆಗಬಹುದು. ಸಮಯ ಮೂರು ಪಟ್ಟು ಹಿಡಿಯುತ್ತದೆ, ಹಾಲ್‌ನಲ್ಲಿ ಯಾರೂ ಫೋನ್ ನೋಡುವುದಿಲ್ಲ. ವರ್ಷಗಟ್ಟಲೆ ಕೆಲಸ ಮುಗಿಸಿ ರಾತ್ರಿ ಓದಿದವರಿಗೆ ಸಲ್ಲಬೇಕಾದ ಗೌರವ ಇದು. ಇದು ಸ್ಥಳೀಯ ಘಟಕ ಮಾತ್ರ ಕೊಡಬಹುದಾದದ್ದು, ಕೇಂದ್ರದಿಂದ ಅಂಚೆಯಲ್ಲಿ ಬರುವ ಪ್ರಮಾಣಪತ್ರದಿಂದ ಸಿಗುವುದಿಲ್ಲ. ಅಷ್ಟಕ್ಕೂ ಈ ವೃತ್ತಿಯಲ್ಲಿ ಸ್ಥಳೀಯ ಸಂಘಗಳೇ ಮೊದಲು ಹುಟ್ಟಿದ್ದು. ಬ್ರಿಟನ್‌ನಲ್ಲಿ ಮ್ಯಾಂಚೆಸ್ಟರ್‌ನ ವಿಮಾ ಸಂಸ್ಥೆ 1873ರದು, ಇಂಥವೆಲ್ಲ ಸೇರಿ ಒಕ್ಕೂಟ ಆದದ್ದು 1897ರಲ್ಲಿ, ಅದಕ್ಕೆ ರಾಜಸನ್ನದು ಸಿಕ್ಕಿದ್ದು 1912ರಲ್ಲಿ.

ನನ್ನ ಅಂಕ ಐದಕ್ಕೆ ಮೂರೂವರೆ. ಸಂಜೆ ಕೂಟಗಳಿಗೆ ನಾಲ್ಕೂವರೆ, ಸನ್ಮಾನದ ಆಡಳಿತಕ್ಕೆ ಎರಡು, ಉಳಿದದ್ದು ಹೊಂದಾಣಿಕೆ. ಕಂಪನಿ ಕಟ್ಟುವುದಾದರೆ ಎಲ್ಲಕ್ಕೂ ಹೋಗಿ. ಜೇಬಿನಿಂದಾದರೆ ಕೂಟಗಳ ಟಿಕೆಟ್ ಕೊಳ್ಳಿ; ವಾರ್ಷಿಕ ಸಂಜೆಗೆ ನಿಮ್ಮ ಬಳಗದಲ್ಲಿ ಯಾರಾದರೂ ಪಿನ್ ತೊಡಿಸಿಕೊಳ್ಳುವವರಿದ್ದರೆ ಮಾತ್ರ ಹೋಗಿ. ಲೈಸೆನ್ಸಿಗಾಗಿ ತೋರಿಸಬೇಕಾದ ಮುಂದುವರಿದ ಶಿಕ್ಷಣದ ಗಂಟೆ ಸಿಗುತ್ತದೆ ಅಂತ ಹೋಗುವವರು ಗಮನಿಸಿ: ಲೆಕ್ಕಕ್ಕೆ ಬರುವುದು ಉಪನ್ಯಾಸ ಮಾತ್ರ, ಬಂದ ಸಮಯ ಹೋದ ಸಮಯ ಎರಡಕ್ಕೂ ಸ್ವತಃ ಸಹಿ ಬೇಕು, ಗೆಳೆಯರ ಪರವಾಗಿ ಹಾಕಿದರೆ ಲೈಸೆನ್ಸಿಗೇ ಕುತ್ತು.

ಸೇರುವವರು ಅರ್ಜಿಯಲ್ಲಿ ಸ್ವಂತ ಇಮೇಲ್ ಕೊಡಿ, ಕಚೇರಿಯದನ್ನು ಎರಡನೆಯದಾಗಿ ಹಾಕಿ. ಚಂದಾ ರಸೀದಿಗಳನ್ನು ಒಂದೇ ಫೋಲ್ಡರ್‌ನಲ್ಲಿಡಿ. ವರ್ಷಕ್ಕೊಮ್ಮೆ ಪ್ರೊಫೈಲ್ ತೆರೆದು ‘ಸೇರಿದ ದಿನಾಂಕ’ ನೋಡಿ ಸ್ಕ್ರೀನ್‌ಶಾಟ್ ತೆಗೆಯಿರಿ. ತಪ್ಪಿದ್ದರೆ ಮೊದಲ ರಸೀದಿಯ ಸಮೇತ ಕೇಂದ್ರ ಕಚೇರಿಗೆ ಬರೆಯಿರಿ, ಚಾಪ್ಟರ್‌ಗೆ ಪ್ರತಿ ಹಾಕಿ. ಚಾಪ್ಟರ್‌ನವರಿಗೆ ಡೇಟಾಬೇಸ್ ತಿದ್ದುವ ಅಧಿಕಾರ ಇರುವುದಿಲ್ಲ, ಅವರ ಮೇಲೆ ರೇಗಿ ಪ್ರಯೋಜನವಿಲ್ಲ.