ಹಳೇ ಜಪಾನ್ ಕಾರಿನ ಬ್ರೋಷರ್ ಅಂತ ಕಲರ್ ಜೆರಾಕ್ಸ್ ಮಾರುತ್ತಿದ್ದಾರೆ, ಹುಷಾರ್!

ಹಳೇ ಜಪಾನೀ ಕಾರುಗಳ ಬ್ರೋಷರ್ ಕೊಳ್ಳುವ ಅಭ್ಯಾಸ ಇರುವವರು ದಯವಿಟ್ಟು ಪೂರ್ತಿ ಓದಿ. ನನ್ನ 6,500 ರೂಪಾಯಿ ಹೋಯಿತು. ದುಡ್ಡು ಹೋಗಿದ್ದಕ್ಕಿಂತ ಆ ಮನುಷ್ಯ ಕೊಟ್ಟ ಉತ್ತರಗಳಿಗೆ ಮೈ ಉರಿಯುತ್ತಿದೆ.

ನಾನು ಹುಡುಕುತ್ತಿದ್ದದ್ದು 1979ರ ಸುಜುಕಿ ಆಲ್ಟೊ ಬ್ರೋಷರ್. ಯಾಕೆ ಅಂತ ಹಳೇ ಮಾರುತಿಯಲ್ಲಿ ಓಡಾಡಿ ಬೆಳೆದವರಿಗೆ ಗೊತ್ತಾಗುತ್ತದೆ. 1983ರ ಡಿಸೆಂಬರ್‌ನಲ್ಲಿ ಬಂತಲ್ಲ ಮೊದಲ ಮಾರುತಿ 800, ಅದು ಜಪಾನಿನ ಸುಜುಕಿ ಫ್ರಾಂಟೆ ಅನ್ನುವ ಕಾರಿನ ಬಾಡಿಯೊಳಗೆ 796 ಸಿಸಿ ಎಂಜಿನ್ ಕೂರಿಸಿದ ಕಾರು. ಆ ಫ್ರಾಂಟೆಯ ಜೊತೆ ಹುಟ್ಟಿದ ಮೂರು ಬಾಗಿಲಿನ ಗಾಡಿಯೇ ಆಲ್ಟೊ. ಆಗ ಜಪಾನಿನಲ್ಲಿ ಪ್ಯಾಸೆಂಜರ್ ಕಾರಿಗೆ ತೆರಿಗೆ ಜಾಸ್ತಿ. ಸುಜುಕಿಯವರು ಆಲ್ಟೊವನ್ನು ಸರಕು ಗಾಡಿಯ ಲೆಕ್ಕದಲ್ಲಿ ತಂದು ಆ ತೆರಿಗೆ ಉಳಿಸಿದರು. ಇಡೀ ದೇಶಕ್ಕೆ ಒಂದೇ ಬೆಲೆ, 4 ಲಕ್ಷ 70 ಸಾವಿರ ಯೆನ್. ಜಾಹೀರಾತಿನಲ್ಲೂ ಆ ಬೆಲೆಯನ್ನೇ ದೊಡ್ಡದಾಗಿ ಹಾಕಿ ಮಾರಿದರು. ನಮ್ಮಪ್ಪನ ಮೊದಲ ಕಾರು ಆ ಹಳೇ ಮಾದರಿಯ 800. ಆ ಚೌಕ ಮೂತಿ ಕಂಡರೆ ಈಗಲೂ ನನಗೆ ಖುಷಿ. ಆ ವಂಶದ ಒಂದು ಅಸಲಿ ಕಾಗದ ಮನೆಯಲ್ಲಿ ಇರಲಿ ಅಂತ ಆಸೆ, ಅಷ್ಟೇ.

ಮಾರುವವನು ಒಂದು ಗುಂಪಿನಲ್ಲಿ ಫೋಟೊ ಹಾಕಿದ್ದ. ‘ಜಪಾನಿನ ಶೋರೂಮಿನದ್ದು, ಒರಿಜಿನಲ್, ಹಿಂದುಗಡೆ ಡೀಲರ್ ಸೀಲು ಸಮೇತ’ ಅಂತ ಬರೆದಿದ್ದ. ನಾನು ಕೇಳಿದೆ, ರೀಪ್ರಿಂಟ್ ಅಲ್ಲ ತಾನೇ? ‘ಗ್ಯಾರಂಟಿ ಸರ್, ನಲವತ್ತು ವರ್ಷದ ಕಾಗದ, ವಾಸನೆ ನೋಡಿದ್ರೇ ಗೊತ್ತಾಗುತ್ತೆ’ ಅಂದ. ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ. ದುಡ್ಡು ಪೂರ್ತಿ ಮೊದಲೇ ಕೊಡಬೇಕು ಅಂದ, ಕೊಟ್ಟೆ. ಇಂಥ ವ್ಯವಹಾರ ನಡೆಯೋದೇ ಹಾಗೆ ಅಲ್ವಾ?

ಪಾರ್ಸೆಲ್ ಬಂದ ದಿನ ಮನೆಯಲ್ಲಿ ನೆಂಟರಿದ್ದರು. ಎಲ್ಲರ ಮುಂದೆಯೇ ಬಿಚ್ಚಿದೆ. ಅಪ್ಪ ಕನ್ನಡಕ ಹಾಕಿಕೊಂಡು ಕೈಗೆ ತೆಗೆದುಕೊಂಡರು. ನಡುವೆ ಮಡಿಕೆಯ ಗೆರೆ ಕಾಣುತ್ತಿತ್ತು. ಅಪ್ಪ ಅದರ ಮೇಲೆ ಬೆರಳಾಡಿಸಿ ‘ಇಲ್ಲಿ ಮಡಿಕೆಯೇ ಇಲ್ವಲ್ಲೋ’ ಅಂದರು. ನಾನೂ ಮುಟ್ಟಿ ನೋಡಿದೆ. ನಿಜ, ಕಾಗದ ನುಣ್ಣಗಿದೆ. ಮಡಿಕೆ ಬರೀ ಚಿತ್ರ! ಸ್ಟೇಪಲ್ ಪಿನ್ ಹೊಳೆಯುವ ಹೊಸದು, ಆದರೆ ಅದರ ಪಕ್ಕದಲ್ಲಿ ತುಕ್ಕಿನ ಕಲೆ. ಅದೂ ಚಿತ್ರ. ಡೀಲರ್ ಸೀಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಶಾಯಿಯೇ ಅಲ್ಲ, ಬಣ್ಣಬಣ್ಣದ ಚುಕ್ಕಿ. ಯಾರದ್ದೋ ಅಸಲಿ ಬ್ರೋಷರನ್ನು ಸ್ಕ್ಯಾನ್ ಮಾಡಿ, ಮಡಿಕೆ, ತುಕ್ಕು, ಸೀಲು ಎಲ್ಲ ಸೇರಿಸಿ ಪ್ರಿಂಟ್ ಹೊಡೆದಿದ್ದಾನೆ. ನೆಂಟರ ಮುಂದೆ ನನ್ನ ಮುಖ ಹೇಗಾಗಿರಬೇಡ! ಅಪ್ಪ ಏನೂ ಅನ್ನದೆ ಟೇಬಲ್ ಮೇಲಿಟ್ಟರು. ಅದೇ ಜಾಸ್ತಿ ನೋವಾಯಿತು.

ಅವನಿಗೆ ಫೋಟೊ ಕಳಿಸಿದೆ. ಮೊದಲ ಉತ್ತರ: ‘ಜಪಾನಿಂದ ಹೇಗೆ ಬಂತೋ ಹಾಗೇ ಕೊಟ್ಟಿದ್ದೀನಿ ಸರ್.’ ಹೊಸ ಪಿನ್ ಯಾಕಿದೆ ಅಂದೆ. ‘ಹಳೇದು ಬಿದ್ದುಹೋಗಿತ್ತು, ನಿಮಗೋಸ್ಕರ ಹಾಕಿಸಿದೆ.’ ನನಗೋಸ್ಕರವಂತೆ! ಮಡಿಕೆ ಪ್ರಿಂಟ್ ಆಗಿದೆಯಲ್ಲಪ್ಪಾ ಅಂದರೆ, ‘ಒರಿಜಿನಲ್ ಅಂತ ನಾನು ಹೇಳಿದ್ದು ಡಿಸೈನ್‌ಗೆ’ ಅಂದ. ಆಮೇಲೆ ಬಂದದ್ದು ನೋಡಿ: ‘ನಿಮಗೆ ಜಪಾನೀಸ್ ಓದೋಕೆ ಬರಲ್ಲ ತಾನೇ, ಚಿತ್ರ ನೋಡೋಕೆ ಯಾವುದಾದ್ರೇನು ಸರ್?’ ಇಷ್ಟು ಹೇಳಿ ಬ್ಲಾಕ್ ಮಾಡಿದ. ಚಿತ್ರ ನೋಡೋಕೆ ಯಾವುದಾದರೇನಂತೆ! ಇಂಥವನ ಕೈಗೆ ನಾನು ದುಡ್ಡು ಹಾಕಬೇಕಾಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ.

ದುಡ್ಡು ಕೊಡುವ ಮೊದಲು ವಿಡಿಯೊ ಕಾಲ್ ಕೇಳಿ. ಕಾಗದವನ್ನು ಓರೆಯಾಗಿ ಬೆಳಕಿಗೆ ಹಿಡಿಸಿ, ಮಡಿಕೆ ನಿಜವೋ ಚಿತ್ರವೋ ಆಗಲೇ ಗೊತ್ತಾಗುತ್ತದೆ. ಕಪ್ಪು ಅಕ್ಷರಗಳ ಹತ್ತಿರದ ಫೋಟೊ ಕೇಳಿ. ಅಸಲಿಯಲ್ಲಿ ಚಿತ್ರ ಮಾತ್ರ ಚುಕ್ಕಿಚುಕ್ಕಿ, ಅಕ್ಷರದ ಅಂಚು ಚೊಕ್ಕವಾಗಿರುತ್ತದೆ. ನಕಲಿನಲ್ಲಿ ಅಕ್ಷರವೂ ಚುಕ್ಕಿಯೇ. ಹಿಂದಿನ ಪುಟದಲ್ಲಿ ವರ್ಷವನ್ನು 54 ಅಂತ ಹಾಕಿದ್ದರೆ ಅದು ಶೋವಾ ಲೆಕ್ಕ, ಅಂದರೆ ಜಪಾನಿನ ಆಗಿನ ಚಕ್ರವರ್ತಿಯ ಆಳ್ವಿಕೆಯ ವರ್ಷ, 1925 ಕೂಡಿಸಿದರೆ 1979. ಜಪಾನಿನಲ್ಲಿ ಏಳಂಕಿಯ ಪಿನ್‌ಕೋಡ್ ಬಂದದ್ದೇ 1998ರಲ್ಲಿ. 1979ರದ್ದು ಅನ್ನುವ ಬ್ರೋಷರಿನಲ್ಲಿ ಅದು ಅಚ್ಚಾಗಿದ್ದರೆ ಮುಂದಕ್ಕೆ ಮಾತೇ ಬೇಡ. ‘ವಾಸನೆ’, ‘ಗ್ಯಾರಂಟಿ’ ಅಂತ ಶುರು ಮಾಡುವವನ ಹತ್ತಿರ ಒಂದು ರೂಪಾಯಿಯೂ ಹಾಕಬೇಡಿ.

ನಿನ್ನೆ ಸ್ನೇಹಿತರೊಬ್ಬರು ಒಂದು ಫೋಟೊ ಕಳಿಸಿದರು. ಅದೇ ಆಲ್ಟೊ ಬ್ರೋಷರ್, ಬೇರೆ ಹೆಸರಿನ ಖಾತೆ, ಪಿನ್ ಪಕ್ಕ ಅದೇ ಆಕಾರದ ತುಕ್ಕಿನ ಕಲೆ. ಈಗ 8,000 ಕೇಳುತ್ತಿದ್ದಾನೆ. ಯಾರಾದರೂ ಮಾತಾಡಿಕೊಂಡಿದ್ದರೆ ಈಗಲೇ ನಿಲ್ಲಿಸಿ, ದುಡ್ಡು ಕಳಿಸಬೇಡಿ.